ಆರೋಗ್ಯ ನೀತಿಯ ವಾದಗಳನ್ನು ಓದುವುದು ಹೇಗೆ

ತೆರಿಗೆ, ನಿಷೇಧ, ಸಾಮೂಹಿಕ ತಪಾಸಣೆ, ಆಪ್ತಸಮಾಲೋಚನೆಯ ಯೋಜನೆ ಮುಂತಾದ ಯಾವುದೇ ಆರೋಗ್ಯ ನೀತಿಯನ್ನು ಸಮರ್ಥಿಸುವ ಅಥವಾ ವಿರೋಧಿಸುವ ಲೇಖನವನ್ನು ಓದುವಾಗ ಕೈಯಲ್ಲೊಂದು ಪೆನ್ಸಿಲ್ ಇಟ್ಟುಕೊಂಡು, ಅದರ ಮುಖ್ಯ ವಾಕ್ಯಗಳನ್ನು ಮೂರು ಬಗೆಯಾಗಿ ಗುರುತಿಸುತ್ತ ಹೋಗಬೇಕು. ಮೊದಲನೆಯದು, ಲೋಕದಲ್ಲಿ ಏನಿದೆ ಎಂದು ತಿಳಿಸುವ ವಾಕ್ಯ. ಎರಡನೆಯದು, ಹೀಗೆ ಮಾಡಿದರೆ ಹೀಗಾಗುತ್ತದೆ ಎನ್ನುವ ವಾಕ್ಯ. ಮೂರನೆಯದು, ಆದ್ದರಿಂದ ಇದನ್ನು ಮಾಡಲೇಬೇಕು ಅಥವಾ ಮಾಡಕೂಡದು ಎನ್ನುವ ವಾಕ್ಯ. ಲೇಖಕರು ಒದಗಿಸುವ ಪುರಾವೆಗಳಲ್ಲಿ ಹೆಚ್ಚಿನವು ಮೊದಲ ಬಗೆಯ ವಾಕ್ಯಗಳಿಗೆ ಸಂಬಂಧಿಸಿರುತ್ತವೆ. ಓದುಗರ ಒಪ್ಪಿಗೆಯನ್ನು ಮಾತ್ರ ಮೂರನೆಯ ಬಗೆಯ ವಾಕ್ಯಕ್ಕೆ ಕೇಳಲಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ದಾಟುವ ಜಾಗ ಎಲ್ಲಿದೆ ಎಂದು ಕಂಡುಕೊಂಡರೆ ಓದಿನ ಕೆಲಸ ಮುಕ್ಕಾಲು ಮುಗಿದಂತೆ.

ಸಿಹಿ ಪಾನೀಯಗಳ ಮೇಲಿನ ತೆರಿಗೆಯನ್ನೇ ತೆಗೆದುಕೊಳ್ಳೋಣ. ಸಕ್ಕರೆ ಬೆರೆಸಿದ ಪಾನೀಯಗಳನ್ನು ಹೆಚ್ಚು ಕುಡಿಯುವವರಲ್ಲಿ ಎರಡನೇ ಬಗೆಯ ಮಧುಮೇಹ ಹೆಚ್ಚಾಗಿ ಕಾಣಿಸುತ್ತದೆ ಎಂಬುದು ಮೊದಲ ಬಗೆಯ ಮಾತು. ತೆರಿಗೆ ಹಾಕಿದರೆ ಜನ ಸೇವಿಸುವ ಸಕ್ಕರೆ ಕಡಿಮೆಯಾಗುತ್ತದೆ ಎಂಬುದು ಎರಡನೆಯದು, ಮತ್ತು ಅದಕ್ಕೆ ಬೇರೆಯದೇ ಪುರಾವೆ ಬೇಕು. ಮೆಕ್ಸಿಕೋ 2014ರ ಜನವರಿಯಿಂದ ಲೀಟರಿಗೆ 1 ಪೆಸೊ ತೆರಿಗೆ ಹಾಕಿದಾಗ ಬೆಲೆ ಏರಿತು, ಕೊಳ್ಳುವಿಕೆ ಇಳಿಯಿತು. ಬ್ರಿಟನ್ನಿನಲ್ಲಿ 2016ರಲ್ಲಿ ಘೋಷಣೆಯಾಗಿ 2018ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ತೆರಿಗೆಯ ಕಥೆ ಬೇರೆ. ಅಲ್ಲಿ 100 ಮಿಲಿಲೀಟರಿಗೆ 5 ಗ್ರಾಂ ಮತ್ತು 8 ಗ್ರಾಂ ಸಕ್ಕರೆ ಎಂಬ ಎರಡು ಮೆಟ್ಟಿಲುಗಳನ್ನು ಇಟ್ಟದ್ದರಿಂದ, ತಯಾರಕರಲ್ಲಿ ಅನೇಕರು ತೆರಿಗೆ ಜಾರಿಯಾಗುವ ಮೊದಲೇ ತಮ್ಮ ಪಾನೀಯಗಳ ಸಕ್ಕರೆಯನ್ನು ಮೆಟ್ಟಿಲಿನ ಕೆಳಕ್ಕೆ ಇಳಿಸಿಕೊಂಡರು. ಗ್ರಾಹಕರು ಅಭ್ಯಾಸ ಬದಲಿಸದೆಯೇ ಕಡಿಮೆ ಸಕ್ಕರೆ ಕುಡಿಯುವಂತಾಯಿತು. ಎರಡನ್ನೂ ‘ಸಕ್ಕರೆ ತೆರಿಗೆ’ ಎಂದೇ ಕರೆಯುತ್ತಾರೆ. ಆದರೆ ಒಂದು ಕೊಳ್ಳುವವರ ಮೇಲೆ ಕೆಲಸ ಮಾಡಿದರೆ ಇನ್ನೊಂದು ಬಹುಪಾಲು ತಯಾರಿಸುವವರ ಮೇಲೆ ಕೆಲಸ ಮಾಡಿತು. ಹೀಗಾಗಿ ‘ಅಲ್ಲಿ ಯಶಸ್ವಿಯಾಗಿದೆ’ ಎಂಬ ಮಾತು ಎದುರಾದಾಗಲೆಲ್ಲ ಅಲ್ಲಿ ಯಾವ ದಾರಿಯಿಂದ ಯಶಸ್ವಿಯಾಯಿತು, ಆ ದಾರಿ ಇಲ್ಲಿ ಪ್ರಸ್ತಾಪಿಸಿರುವ ನೀತಿಯಲ್ಲಿ ಇದೆಯೇ ಎಂದು ಕೇಳಬೇಕು. ಇನ್ನು, ಬಡವರ ಆದಾಯದಲ್ಲಿ ಹೆಚ್ಚಿನ ಪಾಲನ್ನು ತಿನ್ನುವ ತೆರಿಗೆಯನ್ನು ಅವರದೇ ಆರೋಗ್ಯದ ಹೆಸರಿನಲ್ಲಿ ಹಾಕುವುದು ನ್ಯಾಯವೇ ಎಂಬುದು ಮೂರನೆಯ ಬಗೆಯ ಪ್ರಶ್ನೆ. ಅದನ್ನು ಯಾವ ಪ್ರಯೋಗಾಲಯವೂ ಬಗೆಹರಿಸಿಕೊಡುವುದಿಲ್ಲ.

ಅಂಕಿಗಳ ಛೇದವನ್ನು ಹುಡುಕಿ

‘ಅಪಾಯ ಇಮ್ಮಡಿಯಾಗುತ್ತದೆ’, ‘ಶೇಕಡಾ 50ರಷ್ಟು ಇಳಿಯುತ್ತದೆ’ ಎಂಬ ವಾಕ್ಯಗಳು ಸುಳ್ಳಾಗಿರಬೇಕಿಲ್ಲ, ಆದರೂ ಅವು ಅರ್ಧ ಮಾಹಿತಿ ಮಾತ್ರ. ಯಾವುದರ ಇಮ್ಮಡಿ ಎಂಬುದು ತಿಳಿಯದೆ ಅವುಗಳಿಗೆ ತೂಕವಿಲ್ಲ. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ಮೂರನೇ ಪೀಳಿಗೆಯ ಗರ್ಭನಿರೋಧಕ ಮಾತ್ರೆಗಳು ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಇಮ್ಮಡಿಗೊಳಿಸುತ್ತವೆ ಎಂದು ಎಚ್ಚರಿಸಿತು. ಆ ಎಚ್ಚರಿಕೆಯ ಹಿಂದಿದ್ದ ಅಂಕಿಗಳು ಹೀಗಿದ್ದವು: ಹಳೆಯ ಮಾತ್ರೆ ಸೇವಿಸುವ 7,000 ಮಹಿಳೆಯರಲ್ಲಿ ಸುಮಾರು ಒಬ್ಬರಿಗೆ ಈ ತೊಂದರೆ ಬರುತ್ತಿದ್ದರೆ, ಹೊಸ ಮಾತ್ರೆಯಿಂದ 7,000ದಲ್ಲಿ ಇಬ್ಬರಿಗೆ ಬರುತ್ತಿತ್ತು. ಸುದ್ದಿಯಾದದ್ದು ‘ಇಮ್ಮಡಿ’ ಎಂಬ ಮಾತು ಮಾತ್ರ. ಗಾಬರಿಗೊಂಡ ಅನೇಕರು ಮಾತ್ರೆಯನ್ನೇ ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಅಂದಾಜು 13,000 ಹೆಚ್ಚುವರಿ ಗರ್ಭಪಾತಗಳಾದವು. ಗರ್ಭಧಾರಣೆಯೇ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಆ ಮಾತ್ರೆಗಳಿಗಿಂತ ಹೆಚ್ಚಾಗಿ ತರುತ್ತದೆ ಎಂಬುದನ್ನು ನೆನೆದರೆ, ಸುರಕ್ಷತೆಗೆಂದು ಹೊರಡಿಸಿದ ಎಚ್ಚರಿಕೆ ಯಾವ ಕಡೆಗೆ ಕರೆದೊಯ್ಯಿತು ಎಂಬುದು ಸ್ಪಷ್ಟವಾಗುತ್ತದೆ. ಇಷ್ಟಕ್ಕೆ ಕಾರಣ ಒಂದು ಛೇದವನ್ನು ಜನರ ಮುಂದಿಡದೇ ಹೋದದ್ದು.

ಅಭ್ಯಾಸಕ್ಕೆ ಒಂದು ಕ್ರಮವಿದೆ. ಶೇಕಡಾವಾರು ಏರಿಳಿತ ಕಂಡಾಗ ಅದನ್ನು ‘ಸಾವಿರ ಜನರಲ್ಲಿ ಇಷ್ಟು ಮಂದಿಗೆ ಬದಲಾಗಿ ಇಷ್ಟು ಮಂದಿಗೆ, ಇಷ್ಟು ವರ್ಷಗಳಲ್ಲಿ’ ಎಂದು ತಿರುಗಿಸಿ ಬರೆದು ನೋಡಬೇಕು. ಲೇಖನದಲ್ಲಿ ಹಾಗೆ ಬರೆಯಲು ಬೇಕಾದ ಮಾಹಿತಿ ಇಲ್ಲವೆಂದಾದರೆ ಆ ಅಂಕಿಯನ್ನು ಸದ್ಯಕ್ಕೆ ಬದಿಗಿಡುವುದೇ ಸರಿ. ಲಾಭವನ್ನು ಶೇಕಡಾವಾರಿನಲ್ಲೂ ಹಾನಿಯನ್ನು ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲೂ ಒಂದೇ ಪುಟದಲ್ಲಿ ಕೊಡುವ ಲೇಖನಗಳೂ ಉಂಟು. ಅಂಥವನ್ನು ಕಂಡಾಗ ನಾನಂತೂ ಲೇಖಕರ ಉದ್ದೇಶವನ್ನು ಅನುಮಾನಿಸುತ್ತೇನೆ.

ಪದಗಳ ಚೌಕಟ್ಟಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಮನೋವಿಜ್ಞಾನಿಗಳಾದ ಏಮಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ 1981ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 600 ಜನರ ಪ್ರಾಣಕ್ಕೆ ಎರವಾಗಬಹುದಾದ ಕಾಯಿಲೆಯೊಂದನ್ನು ಎದುರಿಸಲು ಎರಡು ಯೋಜನೆಗಳನ್ನು ಮುಂದಿಡಲಾಗಿತ್ತು. ‘200 ಜನ ಖಚಿತವಾಗಿ ಉಳಿಯುತ್ತಾರೆ’ ಎಂದಾಗ ಶೇಕಡಾ 72ರಷ್ಟು ಮಂದಿ ಆ ಖಚಿತ ಯೋಜನೆಯನ್ನೇ ಆರಿಸಿಕೊಂಡರು. ಅದೇ ಯೋಜನೆಯನ್ನು ‘400 ಜನ ಖಚಿತವಾಗಿ ಸಾಯುತ್ತಾರೆ’ ಎಂದು ವರ್ಣಿಸಿ ಇನ್ನೊಂದು ಗುಂಪಿನ ಮುಂದಿಟ್ಟಾಗ, ಶೇಕಡಾ 78ರಷ್ಟು ಮಂದಿ ಅದನ್ನು ಬಿಟ್ಟು ಅನಿಶ್ಚಿತವಾದ ಇನ್ನೊಂದರ ಕಡೆ ಹೋದರು. ಆದ್ದರಿಂದ ಉಳಿವಿನ ಭಾಷೆಯಲ್ಲಿ ಬರೆದ ವಾಕ್ಯವನ್ನು ಸಾವಿನ ಭಾಷೆಗೂ, ಸಾವಿನ ಭಾಷೆಯದನ್ನು ಉಳಿವಿನ ಭಾಷೆಗೂ ಬದಲಿಸಿ ಓದಿ, ನಮ್ಮ ಅಭಿಪ್ರಾಯ ಎರಡೂ ಕಡೆ ನಿಲ್ಲುತ್ತದೆಯೇ ಎಂದು ನೋಡಿಕೊಳ್ಳಬೇಕು.

ಯಾರಿಗೆ ಹೋಲಿಸಿ ಹೇಳಿದ್ದು?

ನೀತಿಯೊಂದು ಫಲಕಾರಿಯಾಗಿದೆ ಎನ್ನಲು ಅದು ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಅಂದಾಜು ಬೇಕು. ಋತುಬಂಧದ ನಂತರ ಹಾರ್ಮೋನು ತೆಗೆದುಕೊಳ್ಳುವ ಮಹಿಳೆಯರಲ್ಲಿ ಹೃದ್ರೋಗ ಕಡಿಮೆ ಎಂದು ಅವಲೋಕನ ಅಧ್ಯಯನಗಳು, ಅಂದರೆ ಜನರನ್ನು ವಿಂಗಡಿಸದೆ ಅವರು ತಾವಾಗಿ ಮಾಡುವುದನ್ನು ಗಮನಿಸುವ ಅಧ್ಯಯನಗಳು, ಬಹುಕಾಲ ತೋರಿಸುತ್ತ ಬಂದಿದ್ದವು. 16,608 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ ಅಮೆರಿಕದಲ್ಲಿ ನಡೆಸಿದ ದೊಡ್ಡ ಪ್ರಯೋಗವನ್ನು 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ಪಡೆದವರಲ್ಲಿ ಸ್ತನ ಕ್ಯಾನ್ಸರ್, ಹೃದ್ರೋಗ ಮತ್ತು ಪಾರ್ಶ್ವವಾಯು ಹೆಚ್ಚಾಗಿದ್ದವು, ಮೂಳೆ ಮುರಿತ ಕಡಿಮೆಯಾಗಿತ್ತು. ತಾವಾಗಿ ಹಾರ್ಮೋನು ಪಡೆಯುತ್ತಿದ್ದವರು ಮೊದಲಿನಿಂದಲೂ ಹೆಚ್ಚು ಅನುಕೂಲಸ್ಥರೂ ಆರೋಗ್ಯದ ಕಾಳಜಿಯುಳ್ಳವರೂ ಆಗಿದ್ದುದು ಹಳೆಯ ಫಲಿತಾಂಶದ ಹಿಂದಿನ ಒಂದು ಮುಖ್ಯ ಕಾರಣ. ಹಾಗೆಂದು ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63. ಋತುಬಂಧದ ಆಸುಪಾಸಿನಲ್ಲೇ ಚಿಕಿತ್ಸೆ ಆರಂಭಿಸುವ ಐವತ್ತರ ಹರೆಯದವರಿಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು ಎಂಬುದು ನಂತರದ ವಿಶ್ಲೇಷಣೆಗಳಲ್ಲಿ ಕಂಡುಬಂತು. ಉತ್ತಮ ಪ್ರಯೋಗವೂ ತಾನು ಪರೀಕ್ಷಿಸಿದ ಜನರ ಬಗ್ಗೆಯೇ ಮೊದಲು ಮಾತಾಡುತ್ತದೆ.

ಮಾನಸಿಕ ಆರೋಗ್ಯದ ಯೋಜನೆಗಳಲ್ಲಿ ಹೋಲಿಕೆಯ ಗುಂಪಿನ ಅಗತ್ಯ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಕಾಲವೇ ಬಹಳಷ್ಟನ್ನು ಗುಣಪಡಿಸುತ್ತದೆ. ಅಪಘಾತ ಅಥವಾ ದುರಂತದಿಂದ ಪಾರಾದವರನ್ನು ಕೆಲವೇ ದಿನಗಳೊಳಗೆ ಕೂರಿಸಿಕೊಂಡು ಇಡೀ ಘಟನೆಯನ್ನು ವಿವರವಾಗಿ ಹೇಳಿಸುವ ಏಕಬೈಠಕ್ ಸಮಾಲೋಚನೆ ಒಂದು ಕಾಲಕ್ಕೆ ವ್ಯಾಪಕವಾಗಿತ್ತು. ಅದು ಸಾಮಾನ್ಯ ತಿಳಿವಳಿಕೆಗೆ ಒಪ್ಪುವಂಥದ್ದು: ದುಃಖವನ್ನು ಹೊರಹಾಕಿದರೆ ಮನಸ್ಸು ಹಗುರವಾಗುತ್ತದೆ ಎಂದು ಎಲ್ಲರೂ ನಂಬುತ್ತೇವೆ. ಆದರೆ ಹೋಲಿಕೆಯ ಗುಂಪುಗಳನ್ನಿಟ್ಟು ಪರೀಕ್ಷಿಸಿದಾಗ ಆಘಾತೋತ್ತರ ಒತ್ತಡದ ಕಾಯಿಲೆಯನ್ನು ಅದು ತಡೆಯುವುದಿಲ್ಲವೆಂದು ಕಂಡುಬಂತು. ರಸ್ತೆ ಅಪಘಾತದ ಗಾಯಾಳುಗಳನ್ನು ಮೂರು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಸಮಾಲೋಚನೆ ಪಡೆದವರ ಸ್ಥಿತಿ ಪಡೆಯದವರಿಗಿಂತ ಕೆಳಗಿತ್ತು. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಆ ದೇಶದ ನೈಸ್ ಸಂಸ್ಥೆಯ 2005ರ ಮಾರ್ಗಸೂಚಿ ಇಂಥ ಬೈಠಕ್‌ಗಳನ್ನು ವಾಡಿಕೆಯಾಗಿ ನಡೆಸಬಾರದೆಂದು ಸೂಚಿಸಿತು. ‘ಭಾಗವಹಿಸಿದವರು ತೃಪ್ತಿ ವ್ಯಕ್ತಪಡಿಸಿದರು’, ‘ಆರು ತಿಂಗಳಲ್ಲಿ ಲಕ್ಷಣಗಳು ಇಳಿದವು’ ಎಂಬ ವಾಕ್ಯಗಳನ್ನು ಓದುವಾಗ, ಭಾಗವಹಿಸದವರಲ್ಲೂ ಅಷ್ಟೇ ಇಳಿದಿರಬಹುದೇ ಎಂಬ ಪ್ರಶ್ನೆಯನ್ನು ಅಂಚಿನಲ್ಲಿ ಬರೆದಿಟ್ಟುಕೊಳ್ಳಬೇಕು.

ಇದಕ್ಕೊಂದು ಮಿತಿಯೂ ಉಂಟು. ಪ್ರತಿಯೊಂದಕ್ಕೂ ನಿಯಂತ್ರಿತ ಪ್ರಯೋಗವೇ ಬೇಕೆಂದು ಪಟ್ಟು ಹಿಡಿಯುವುದು ಕೆಲವೊಮ್ಮೆ ಕಾಲಹರಣದ ತಂತ್ರವಾಗಿರುತ್ತದೆ. ಜನರನ್ನು ವಿಂಗಡಿಸಿ ಅರ್ಧದಷ್ಟು ಮಂದಿಗೆ ದಶಕಗಳ ಕಾಲ ಧೂಮಪಾನ ಮಾಡಿಸಲು ಯಾರಿಗೂ ಸಾಧ್ಯವಿರಲಿಲ್ಲ; ಆದರೂ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ 1950ರಿಂದ ಪ್ರಕಟಿಸುತ್ತ ಬಂದ ಅವಲೋಕನ ಅಧ್ಯಯನಗಳು ಸಿಗರೇಟು ಮತ್ತು ಶ್ವಾಸಕೋಶದ ಕ್ಯಾನ್ಸರ್‌ನ ನಂಟನ್ನು ಗಟ್ಟಿಗೊಳಿಸಿದವು. ನಂಟು ಎಷ್ಟು ಬಲವಾಗಿದೆ, ಬೇರೆ ಬೇರೆ ಕಡೆ ಮರುಕಳಿಸುತ್ತದೆಯೇ, ಪ್ರಮಾಣ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆಯೇ, ಕಾರಣವೆನ್ನುವುದು ಪರಿಣಾಮಕ್ಕಿಂತ ಮೊದಲು ಬಂದಿದೆಯೇ ಎಂಬ ಹಿಲ್ ಅವರ 1965ರ ಒರೆಗಲ್ಲುಗಳು ಪ್ರಯೋಗ ಸಾಧ್ಯವಿಲ್ಲದ ಕಡೆ ಇಂದಿಗೂ ಉಪಯುಕ್ತ.

ಅಳೆದದ್ದು ಏನನ್ನು?

ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆಯ ಅಧಿಕೃತ ಪಟ್ಟಿಯಲ್ಲಿ ಥೈರಾಯ್ಡ್ ಇರಲಿಲ್ಲ. ಆದರೆ ಸ್ವಲ್ಪ ಹೆಚ್ಚಿನ ಶುಲ್ಕಕ್ಕೆ ಅದರ ಅಲ್ಟ್ರಾಸೌಂಡನ್ನೂ ಮಾಡಿಕೊಡುವುದು ರೂಢಿಗೆ ಬಂತು. 2011ರ ಹೊತ್ತಿಗೆ ಪತ್ತೆಯಾಗುವ ಥೈರಾಯ್ಡ್ ಕ್ಯಾನ್ಸರ್‌ನ ಪ್ರಮಾಣ 1993ರಲ್ಲಿದ್ದುದರ 15 ಪಟ್ಟಾಗಿತ್ತು. ಆ ಕ್ಯಾನ್ಸರ್‌ನಿಂದ ಸಾಯುವವರ ಪ್ರಮಾಣ ಮಾತ್ರ ಬದಲಾಗಲೇ ಇಲ್ಲ. ಜೀವಮಾನವಿಡೀ ತೊಂದರೆ ಕೊಡದೆ ಉಳಿಯಬಹುದಾಗಿದ್ದ ಸಣ್ಣ ಗಂಟುಗಳನ್ನು ಹುಡುಕಿ ತೆಗೆದು, ಅನೇಕರನ್ನು ಜೀವನಪೂರ್ತಿ ಹಾರ್ಮೋನು ಮಾತ್ರೆಗೆ ಕಟ್ಟಿಹಾಕಿದಂತಾಗಿತ್ತು. 2014ರಲ್ಲಿ ಅಲ್ಲಿನ ವೈದ್ಯರ ಒಂದು ಗುಂಪು ಬಹಿರಂಗವಾಗಿ ಎಚ್ಚರಿಸಿದ ಬಳಿಕ ವರ್ಷದೊಳಗೆ ಶಸ್ತ್ರಚಿಕಿತ್ಸೆಗಳು ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿದವು. ಇಂಥ ತಪಾಸಣೆಯನ್ನು ‘ಪತ್ತೆಯಾದವರಲ್ಲಿ ಬಹುತೇಕ ಎಲ್ಲರೂ ಐದು ವರ್ಷದ ನಂತರವೂ ಬದುಕಿದ್ದಾರೆ’ ಎಂದು ಹೊಗಳುವುದು ಸುಲಭ. ಬೇಗ ಪತ್ತೆ ಮಾಡಿದಷ್ಟೂ, ಹಾನಿಯಿಲ್ಲದ್ದನ್ನು ಹೆಚ್ಚು ಪತ್ತೆ ಮಾಡಿದಷ್ಟೂ ಆ ಅಂಕಿ ತಾನಾಗಿ ಏರುತ್ತದೆ. ತಪಾಸಣೆಯ ವಿಷಯದಲ್ಲಿ ಕೇಳಬೇಕಾದದ್ದು ಒಟ್ಟು ಜನಸಂಖ್ಯೆಯಲ್ಲಿ ಆ ರೋಗದಿಂದ ಸಾಯುವವರ ಪ್ರಮಾಣ ಇಳಿಯಿತೇ ಎಂಬುದನ್ನು.

ಗಡಿರೇಖೆ ಸರಿದಾಗಲೂ ರೋಗಿಗಳ ಸಂಖ್ಯೆ ಬದಲಾಗುತ್ತದೆ. 2017ರಲ್ಲಿ ಅಮೆರಿಕದ ಹೃದ್ರೋಗ ತಜ್ಞರ ಸಂಘಟನೆಗಳು ಅಧಿಕ ರಕ್ತದೊತ್ತಡದ ಗೆರೆಯನ್ನು 140/90ರಿಂದ 130/80ಕ್ಕೆ ಇಳಿಸಿದಾಗ, ಅಲ್ಲಿನ ವಯಸ್ಕರಲ್ಲಿ ಆ ಹಣೆಪಟ್ಟಿ ಹೊತ್ತವರ ಪಾಲು ಸುಮಾರು ಶೇಕಡಾ 32ರಿಂದ 46ಕ್ಕೆ ಏರಿತು. ಯಾರ ರಕ್ತದೊತ್ತಡವೂ ಆ ದಿನ ಏರಿರಲಿಲ್ಲ. ಪ್ರಶ್ನಾವಳಿಯ ಅಂಕಗಳಿಂದ ಖಿನ್ನತೆಯನ್ನು ಎಣಿಸುವ ಸಮೀಕ್ಷೆಗಳಿಗೂ ಇದೇ ಮಾತು ಸಲ್ಲುತ್ತದೆ.

ವ್ಯಕ್ತಿಯೋ, ವ್ಯವಸ್ಥೆಯೋ

ಆರೋಗ್ಯದ ಬಗ್ಗೆ ಯೋಚಿಸುವಾಗ ಮನಸ್ಸು ಸಹಜವಾಗಿ ವ್ಯಕ್ತಿಯ ಇಚ್ಛಾಶಕ್ತಿಯ ಕಡೆಗೆ ಓಡುತ್ತದೆ. ನೀತಿ ಕೆಲಸ ಮಾಡುವುದು ಹೆಚ್ಚಾಗಿ ಬೇರೆ ಮಟ್ಟದಲ್ಲಿ. ಸಾಂಕ್ರಾಮಿಕ ರೋಗಶಾಸ್ತ್ರಜ್ಞ ಜೆಫ್ರಿ ರೋಸ್ 1985ರಲ್ಲಿ ವಿವರಿಸಿದಂತೆ, ಹೆಚ್ಚಿನ ಅಪಾಯವಿರುವ ಕೆಲವರಿಗಿಂತ ಸಾಧಾರಣ ಅಪಾಯವಿರುವ ಬಹುಮಂದಿಯಿಂದಲೇ ಹೆಚ್ಚು ರೋಗಪ್ರಕರಣಗಳು ಬರಬಹುದು. ಹೀಗಾಗಿ ಇಡೀ ಸಮಾಜಕ್ಕೆ ದೊಡ್ಡ ಲಾಭ ತರುವ ಕ್ರಮವೊಂದು ಒಬ್ಬೊಬ್ಬ ವ್ಯಕ್ತಿಗೆ ಕೊಡುವ ಲಾಭ ತೀರ ಸಣ್ಣದಿರಬಹುದು. ‘ನನಗೇನು ಪ್ರಯೋಜನ’ ಎಂಬ ಆಕ್ಷೇಪವೂ ‘ಸಾವಿರಾರು ಜೀವ ಉಳಿಯುತ್ತವೆ’ ಎಂಬ ಸಮರ್ಥನೆಯೂ ಒಟ್ಟೊಟ್ಟಿಗೆ ಸತ್ಯವಾಗಿರಲು ಸಾಧ್ಯ.

ಹಾಗೆಂದು ವ್ಯವಸ್ಥೆಯ ಒಂದು ಗುಂಡಿ ಒತ್ತಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ವಾದವನ್ನೂ ನಂಬಬೇಕಿಲ್ಲ. ಅಂಗಾಂಗ ದಾನಕ್ಕೆ ಒಲ್ಲೆ ಎನ್ನದವರೆಲ್ಲ ಒಪ್ಪಿದ್ದಾರೆಂದೇ ತಿಳಿಯುವ ಆಸ್ಟ್ರಿಯಾದಲ್ಲಿ ಒಪ್ಪಿಗೆ ಶೇಕಡಾ 99ಕ್ಕೂ ಮಿಗಿಲು, ಕೇಳಿ ಒಪ್ಪಿಗೆ ಪಡೆಯುವ ಜರ್ಮನಿಯಲ್ಲಿ ಶೇಕಡಾ 12 ಎಂದು 2003ರಲ್ಲಿ ಪ್ರಕಟವಾದ ಹೋಲಿಕೆಯನ್ನು ವರ್ತನಾ ವಿಜ್ಞಾನದ ಗೆಲುವೆಂದು ಪದೇ ಪದೇ ಉದ್ಧರಿಸಲಾಗುತ್ತದೆ. ಕಾಗದದ ಮೇಲಿನ ಒಪ್ಪಿಗೆ ಬೇರೆ, ನಡೆದ ಕಸಿಗಳ ಸಂಖ್ಯೆ ಬೇರೆ. ಅಂಗಾಂಗ ದಾನದಲ್ಲಿ ಬಹುಕಾಲದಿಂದ ಜಗತ್ತಿನ ಮುಂಚೂಣಿಯಲ್ಲಿರುವ ಸ್ಪೇನ್‌ನಲ್ಲಿ ಊಹಿತ ಒಪ್ಪಿಗೆಯ ಕಾನೂನು 1979ರಿಂದಲೇ ಇತ್ತು. ದಾನ ಗಣನೀಯವಾಗಿ ಏರಿದ್ದು 1989ರಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆ ಸ್ಥಾಪನೆಯಾಗಿ, ಆಸ್ಪತ್ರೆಗಳಲ್ಲಿ ತರಬೇತಾದ ಸಂಯೋಜಕರು ನೇಮಕಗೊಂಡ ಮೇಲೆ. ಕುಟುಂಬದವರನ್ನು ಅಲ್ಲಿ ಇಂದಿಗೂ ಕೇಳಿಯೇ ಮುಂದುವರಿಯುತ್ತಾರೆ.

ಕೊನೆಯ ಪರಿಶೀಲನೆ

ಇಷ್ಟೆಲ್ಲ ಗುರುತು ಮಾಡಿದ ಮೇಲೆ ಉಳಿಯುವ ಭಿನ್ನಾಭಿಪ್ರಾಯ ಮೌಲ್ಯಗಳದ್ದೆಂದು ತಿಳಿಯಬೇಕು: ಯಾರ ಸ್ವಾತಂತ್ರ್ಯಕ್ಕೆ ಕತ್ತರಿ, ಯಾರ ಜೇಬಿಗೆ ಹೊರೆ, ಇಂದಿನವರ ಖರ್ಚಿನಲ್ಲಿ ನಾಳಿನವರಿಗೆ ಎಷ್ಟು ಲಾಭ. ಅಲ್ಲಿ ಅಂಕಿಗಳನ್ನು ಗುರಾಣಿಯಾಗಿ ಹಿಡಿದವರಿಗಿಂತ ತಮ್ಮ ಆಯ್ಕೆಯನ್ನು ಬಾಯಿಬಿಟ್ಟು ಹೇಳಿದ ಲೇಖಕರೇ ಹೆಚ್ಚು ನಂಬಿಕೆಗೆ ಅರ್ಹರು. ಒಪ್ಪಿಗೆಯಾದ ಲೇಖನದ ಮೇಲೂ ಪೆನ್ಸಿಲ್ ಅಷ್ಟೇ ನಿಷ್ಠುರವಾಗಿ ಓಡಬೇಕು, ಏಕೆಂದರೆ ಛೇದವಿಲ್ಲದ ಅಂಕಿಗಳು ಹೆಚ್ಚಾಗಿ ತಪ್ಪಿಸಿಕೊಳ್ಳುವುದು ಅಲ್ಲೇ.

ಸಮಯವಿದ್ದವರು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಪ್ರಮುಖ ವೈದ್ಯಕೀಯ ನಿಯತಕಾಲಿಕೆಗಳ ಸಂಪಾದಕರ ಸಮಿತಿ 2005ರಿಂದ, ಆರಂಭಕ್ಕೆ ಮುನ್ನ ಸಾರ್ವಜನಿಕವಾಗಿ ನೋಂದಾಯಿಸಿದ ಪ್ರಯೋಗಗಳನ್ನಷ್ಟೇ ಪ್ರಕಟಿಸುವ ನಿಯಮ ಇಟ್ಟುಕೊಂಡಿದೆ. ಆ ದಾಖಲೆಗಳನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಪ್ರಯೋಗದ ಮುಖ್ಯ ಅಳತೆಯೆಂದು ಅಲ್ಲಿ ನಮೂದಿಸಿರುವುದೂ ಪ್ರಕಟಿತ ಪ್ರಬಂಧ ಮುಖ್ಯವೆಂದು ಸಾರುತ್ತಿರುವುದೂ ಒಂದೇ ಆಗಿವೆಯೇ ಎಂದು ಹೋಲಿಸಲು ಕೆಲವು ನಿಮಿಷಗಳು ಸಾಕು. ಎರಡೂ ಬೇರೆಯಾಗಿದ್ದರೆ, ಆ ಪ್ರಬಂಧವನ್ನು ಆಧರಿಸಿದ ನೀತಿವಾದವನ್ನು ಒಪ್ಪುವ ಮೊದಲು ಬದಲಾವಣೆಗೆ ಲೇಖಕರು ಕೊಟ್ಟಿರುವ ಕಾರಣವನ್ನು ಓದಿ ನೋಡಬೇಕು.