ತಿಂಗಳಿಗೆ 300 ರೂಪಾಯಿಯಲ್ಲಿ ಕ್ರಿಕೆಟ್ ಕಾರ್ಡ್ ಸಂಗ್ರಹ ಮಾಡುವುದು ಹೇಗೆ?

ಶಾಲೆ ಬಿಡುವ ಹೊತ್ತಿಗೆ ಸ್ಟೇಷನರಿ ಅಂಗಡಿಯ ಎದುರು ನಿಂತರೆ ಪ್ಯಾಕೆಟ್ ಹರಿಯುವ ಸದ್ದು ಕೇಳುತ್ತದೆ. ಅದರ ಬೆನ್ನಿಗೇ ಇನ್ನೊಂದು: "ಛೆ, ಪುನಃ ಡಬಲ್ ಮಾರಾಯಾ!" ಒಳಗೆ ಯಾವ ಕಾರ್ಡ್ ಇದೆ ಅಂತ ಪ್ಯಾಕೆಟ್ ಒಡೆಯುವವರೆಗೆ ಗೊತ್ತಾಗುವುದಿಲ್ಲ, ಇದ್ದದ್ದೇ ಮತ್ತೆ ಬಂದರೆ ಅದು ಡಬಲ್. ಆಟಗಾರರ ಕಾರ್ಡ್ ಕೂಡಿಡುವ ಹವ್ಯಾಸದ ಮಜಾ ಅಲ್ಲೇ ಇದೆ, ದುಡ್ಡು ಸೋರುವುದೂ ಅಲ್ಲೇ.

ಇದೇನೂ ಹೊಸ ಹುಚ್ಚಲ್ಲ. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲೇ ಸಿಗರೇಟ್ ಪ್ಯಾಕಿನ ಜೊತೆ ಕ್ರಿಕೆಟಿಗರ ಕಾರ್ಡ್ ಕೊಡುತ್ತಿತ್ತು. ನಮ್ಮಲ್ಲಿ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರ, ಕುಸ್ತಿಪಟುಗಳ ಟ್ರಂಪ್ ಕಾರ್ಡ್, ಆಮೇಲೆ ಟಾಪ್ಸ್ ಕಂಪನಿಯ ಕ್ರಿಕೆಟ್ ಅಟ್ಯಾಕ್ಸ್, ಪನಿನಿಯ ಫುಟ್‌ಬಾಲ್ ಸ್ಟಿಕ್ಕರ್ ಎಲ್ಲ ಬಂದವು. 2022ರ ಆಗಸ್ಟ್‌ನಲ್ಲಿ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್ ಅವರ 1952ರ ಕಾರ್ಡ್ ಒಂದು 1.26 ಕೋಟಿ ಡಾಲರ್‌ಗೆ ಹರಾಜಾಯಿತು. ಆ ಸುದ್ದಿ ಓದಿ ಮಗನ ಡಬ್ಬ ತೆರೆದು ನೋಡಿದ ಅಪ್ಪಂದಿರು ಎಷ್ಟು ಮಂದಿಯೋ! ಆ ಆಸೆ ಬಿಟ್ಟುಬಿಡಿ. ತಿಂಗಳಿಗೆ 300 ರೂಪಾಯಿ ಎತ್ತಿಟ್ಟು, ಅದರೊಳಗೇ ಖುಷಿಪಡುವುದು ಹೇಗೆ ಅನ್ನುವುದಷ್ಟೇ ಇಲ್ಲಿಯ ವಿಷಯ.

ಮೊದಲು ಬೇಲಿ ಹಾಕಿ

"ಕ್ರಿಕೆಟ್ ಕಾರ್ಡ್ ಎಲ್ಲ ಬೇಕು" ಅಂತ ಹೊರಟರೆ ಸಂಬಳ ಪೂರ್ತಿ ಸುರಿದರೂ ಸಾಲುವುದಿಲ್ಲ. ಒಂದು ಸಣ್ಣ ವಿಷಯ ಹಿಡಿಯಿರಿ. ಒಬ್ಬ ಆಟಗಾರ, ಒಂದು ತಂಡ, ಇಲ್ಲವೇ ಬರೀ ವಿಕೆಟ್ ಕೀಪರ್‌ಗಳು.

ನಮ್ಮ ಮಂಗಳೂರು–ಉಡುಪಿ ಕಡೆಯವರಿಗೆ ಸುಲಭದ ಆಯ್ಕೆ ಕೆ.ಎಲ್. ರಾಹುಲ್. ಬೆಳೆದದ್ದು ಇಲ್ಲೇ ಸುರತ್ಕಲ್‌ನಲ್ಲಿ. ಐಪಿಎಲ್‌ನಲ್ಲಿ 2013ರಲ್ಲಿ ಆರ್‌ಸಿಬಿ, ಆಮೇಲೆ ಹೈದರಾಬಾದ್, ಮತ್ತೆ ಆರ್‌ಸಿಬಿ, 2018ರಿಂದ ಪಂಜಾಬ್, 2022ರಿಂದ ಲಕ್ನೋ, 2025ರಲ್ಲಿ ಡೆಲ್ಲಿ. ಒಬ್ಬನೇ ಆಟಗಾರ, ಐದು ತಂಡಗಳ ಅಂಗಿ. ಅಷ್ಟೂ ಅಂಗಿಯ ಕಾರ್ಡ್ ಸಿಗುತ್ತದೋ ಇಲ್ಲವೋ, ಹುಡುಕುವುದೇ ಆಟ. ಪಟ್ಟಿ ಚಿಕ್ಕದು, ಮುಗಿಸುವ ಆಸೆ ಇರುತ್ತದೆ, ಜೇಬಿಗೂ ಹೊರೆಯಲ್ಲ.

ಬೇಕಾದ ಕಾರ್ಡ್‌ಗಳ ಹೆಸರನ್ನು ಒಂದು ಸಣ್ಣ ನೋಟ್‌ಬುಕ್‌ನಲ್ಲಿ ಬರೆದು, ಹೊರಗೆ ಹೋಗುವಾಗ ಜೊತೆಗೆ ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಇಲ್ಲದ್ದನ್ನು ಮುಟ್ಟಬೇಡಿ. ಹೊಳೆಯುವ ಧೋನಿ ಎದುರಿಗೆ ಕೂತಿರುವಾಗ ಇದು ಕಷ್ಟ, ಗೊತ್ತು.

ಪ್ಯಾಕೆಟ್ ಎಲ್ಲಿಯವರೆಗೆ?

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಸೆಟ್‌ನಲ್ಲಿ 100 ಬೇರೆ ಬೇರೆ ಕಾರ್ಡ್ ಇವೆ, ಎಲ್ಲವೂ ಸಮ ಸಂಖ್ಯೆಯಲ್ಲಿ ಅಚ್ಚಾಗಿವೆ ಅಂತಿಟ್ಟುಕೊಳ್ಳಿ. ಯಾರ ಜೊತೆಗೂ ಬದಲಾಯಿಸದೆ ಬರೀ ಪ್ಯಾಕೆಟ್ ಒಡೆದೇ ಸೆಟ್ ಮುಗಿಸಬೇಕಾದರೆ ಸರಾಸರಿ ಸುಮಾರು 519 ಕಾರ್ಡ್ ಕೊಳ್ಳಬೇಕು. ಮೊದಲ 50 ಸಿಗಲು 69 ಕಾರ್ಡ್ ಸಾಕು. ಕೊನೆಯ ಹತ್ತಕ್ಕೆ? ಸುಮಾರು 293. ಕಟ್ಟಕಡೆಯ ಒಂದೇ ಒಂದು ಕಾರ್ಡಿಗಾಗಿ ಸರಾಸರಿ ನೂರು ಕಾರ್ಡ್ ತೆಗೆಯಬೇಕು. ಇನ್ನು ಕಂಪನಿಯವರು ಕೆಲವನ್ನು ಬೇಕಂತಲೇ ಕಡಿಮೆ ಅಚ್ಚು ಹಾಕುತ್ತಾರೆ. ಆಗ ಲೆಕ್ಕ ಇದಕ್ಕಿಂತಲೂ ಕೆಡುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟು: ಸೆಟ್ ಅರ್ಧ ಆಗುವವರೆಗೆ ಪ್ಯಾಕೆಟ್ ಒಡೆಯಿರಿ, ಆ ಸಂತೋಷ ಬೇಕು. ಅರ್ಧ ದಾಟಿದ ಮೇಲೆ ನಿಲ್ಲಿಸಿ. ಉಳಿದದ್ದು ಅದಲುಬದಲು ಮಾಡಿ, ಇಲ್ಲವೇ ಬಿಡಿ ಕಾರ್ಡ್ ಕೊಳ್ಳಿ. ಒಬ್ಬನೇ ಆಟಗಾರನ ಹಿಂದೆ ಬಿದ್ದವರಿಗಂತೂ ಪ್ಯಾಕೆಟ್ ಬೇಡವೇ ಬೇಡ.

ಡಬಲ್ ಬಂದದ್ದನ್ನು ಬಿಸಾಡಬೇಡಿ. ಅದಲುಬದಲಿಗೆ ಅದೇ ಬಂಡವಾಳ. ಮಕ್ಕಳ ವ್ಯವಹಾರದಲ್ಲಿ ಒಂದು ಹೊಳೆಯುವ ಕಾರ್ಡಿಗೆ ಮೂರೋ ನಾಲ್ಕೋ ಸಾದಾ ಕಾರ್ಡ್ ಕೊಡುವುದುಂಟು. ದೊಡ್ಡವರು ಅದರ ಮಧ್ಯೆ ತಲೆ ಹಾಕದಿದ್ದರೆ ಒಳ್ಳೆಯದು. ತರಗತಿಗೆ ಮಾತ್ರ ಕಾರ್ಡ್ ಒಯ್ಯಬಾರದು, ಟೀಚರ್ ಕಿತ್ತುಕೊಂಡರೆ ನ್ಯಾಯ ಹೇಳುವವರಿಲ್ಲ.

ಬಿಡಿ ಕಾರ್ಡ್ ಕೊಳ್ಳುವಾಗ

ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಕಾರ್ಡಿಗೇ ಮೀಸಲಾದ ಅಂಗಡಿ ಹುಡುಕಿ ಬಿಸಿಲಲ್ಲಿ ಅಲೆಯಬೇಡಿ. ಆಟಿಕೆ ಅಂಗಡಿ, ಹಂಪನಕಟ್ಟೆ ಅಥವಾ ರಥಬೀದಿ ಸುತ್ತಿನ ಪುಸ್ತಕ–ಸ್ಟೇಷನರಿ ಅಂಗಡಿಗಳಲ್ಲಿ ವಿಚಾರಿಸಿ. ಹಿಂದಿನ ವರ್ಷದ ಸ್ಟಾಕ್ ಉಳಿದಿದ್ದರೆ ಚೌಕಾಸಿಗೆ ಜಾಗ ಇರುತ್ತದೆ. ಗುಜರಿಯವರನ್ನೂ ಕೇಳಿ ನೋಡಿ. ಹಳೆ ಪಠ್ಯಪುಸ್ತಕದ ರಾಶಿಯ ಜೊತೆ ಕಾರ್ಡಿನ ಡಬ್ಬವೂ ಬಂದಿರಬಹುದು. ಎಲ್ಲಕ್ಕಿಂತ ಮೊದಲು ನಿಮ್ಮದೇ ಮನೆಯ ಅಟ್ಟ ಹತ್ತಿ. ಮುಂಬೈಯಲ್ಲಿರುವ ಮಾವನ ಮಕ್ಕಳ ಹಳೆ ಟ್ರಂಕ್ ಇದ್ದರೆ ಫೋನ್ ಮಾಡಿ ಒಪ್ಪಿಗೆ ಕೇಳಿಯೇ ತೆರೆಯಿರಿ!

ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಒಂದು ಮಾತು. ಮಾರುವವನು ಕೇಳುವ ಬೆಲೆ ಬೇರೆ, ನಿಜವಾಗಿ ಮಾರಾಟವಾದ ಬೆಲೆ ಬೇರೆ. ಐದು ಸಾವಿರ ಅಂತ ಹಾಕಿದ ಕಾರ್ಡ್ ವರ್ಷಗಟ್ಟಲೆ ಹಾಗೇ ಕೂತಿರಬಹುದು. ಈಗಾಗಲೇ ಮಾರಾಟವಾದವುಗಳ ಬೆಲೆ ನೋಡಿ ಲೆಕ್ಕ ಹಾಕಿ. ವಿದೇಶದಿಂದ ತರಿಸಿದರೆ ಅಂಚೆ ವೆಚ್ಚ, ಸುಂಕ ಸೇರಿ ಕಾರ್ಡಿಗಿಂತ ಅದರ ಪ್ರಯಾಣದ ಖರ್ಚೇ ಜಾಸ್ತಿ ಆಗುತ್ತದೆ. ಗ್ರೇಡಿಂಗ್ ಕಂಪನಿಗೆ ಕಳಿಸಿ ಹತ್ತರಲ್ಲಿ ಇಂತಿಷ್ಟು ಅಂತ ಅಂಕ ಹಾಕಿಸಿಕೊಳ್ಳುವ ಪದ್ಧತಿಯೂ ಇದೆ. ನಮ್ಮ ಬಜೆಟ್‌ನವರಿಗೆ ಅದರ ಸುದ್ದಿ ಬೇಡ.

ಕಾರ್ಡ್ ಕೈಗೆ ಬಂದಾಗ ನಾಲ್ಕು ಮೂಲೆ ನೋಡಿ, ಆಮೇಲೆ ಅಂಚು. ಚಿತ್ರದ ಸುತ್ತ ಬಿಳಿ ಅಂಚು ಎರಡೂ ಕಡೆ ಸಮ ಇದೆಯಾ? ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರೆ ಗೀರು ಕಾಣುತ್ತದೆ. ನಕಲಿ ಅನ್ನುವ ಅನುಮಾನ ಬಂದರೆ ಭೂತಕನ್ನಡಿ ಹಿಡಿಯಿರಿ. ಪ್ರೆಸ್ಸಿನಲ್ಲಿ ಅಚ್ಚಾದ ಕಾರ್ಡಿನ ಚಿತ್ರದಲ್ಲಿ ಸಣ್ಣ ಸಣ್ಣ ಬಣ್ಣದ ಚುಕ್ಕೆ ಕಾಣುತ್ತವೆ, ಕಪ್ಪು ಅಕ್ಷರ ಮಾತ್ರ ಸಾಮಾನ್ಯವಾಗಿ ಗಟ್ಟಿಯಾಗಿ, ಅಂಚು ಚೂಪಾಗಿ ಇರುತ್ತದೆ. ಸ್ಕ್ಯಾನ್ ಮಾಡಿ ಪ್ರಿಂಟ್ ತೆಗೆದ ನಕಲಿನಲ್ಲಿ ಅಕ್ಷರವೂ ಚುಕ್ಕೆ ಚುಕ್ಕೆಯಾಗಿ ಒಡೆದಿರುತ್ತದೆ.

ನಮ್ಮ ಊರಿನ ದೊಡ್ಡ ಖರ್ಚು: ಮಳೆ

ಬೆಂಗಳೂರಿನವರು ಬರೆದ ಸಲಹೆಗಳನ್ನು ಓದಿ ಇಲ್ಲಿ ಕಾರ್ಡ್ ಇಟ್ಟರೆ ಕೆಟ್ಟಿತು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಚಪ್ಪಲಿಗೂ ಬೂಷ್ಟು ಬರುತ್ತದೆ, ಕಾಗದ ಬಿಡುತ್ತದಾ? ಅದಕ್ಕೇ ಮೊದಲ ತಿಂಗಳ 300 ರೂಪಾಯಿಯಲ್ಲಿ ಒಂದೂ ಕಾರ್ಡ್ ಕೊಳ್ಳಬೇಡಿ. ಆ ದುಡ್ಡು ಕವರಿಗೆ, ಡಬ್ಬಕ್ಕೆ.

ಮಾಮೂಲಿ ಟ್ರೇಡಿಂಗ್ ಕಾರ್ಡಿನ ಅಳತೆ ಸುಮಾರು 63 x 88 ಮಿ.ಮೀ. ವಿಸಿಟಿಂಗ್ ಕಾರ್ಡ್ ಆಲ್ಬಂ ಸಾಕು ಅಂತ ಹಲವರು ತರುತ್ತಾರೆ. ಅದರ ಕಿಸೆಯ ಅಗಲ ಸಾಲದು, ತುರುಕಿದರೆ ಮೂಲೆ ಮಡಚುತ್ತದೆ. ಫೋಟೊ ಆಲ್ಬಂ ದೊಡ್ಡದಾಯಿತು, ಕಾರ್ಡ್ ಒಳಗೆ ಜಾರಾಡಿ ಅಂಚು ಸವೆಯುತ್ತದೆ. ಪೋಕರ್ ಅಳತೆಯ ಇಸ್ಪೀಟ್ ಎಲೆಯೂ ಇದೇ ಗಾತ್ರದ್ದು. ಆ ಅಳತೆಗೆ ಅಂತ ಮಾರುವ ತೆಳು ಪ್ಲಾಸ್ಟಿಕ್ ಕವರ್ ಸರಿಯಾಗಿ ಕೂರುತ್ತದೆ. ನೂರರ ಕಟ್ಟಿನಲ್ಲಿ ತಂದರೆ ಅಗ್ಗ. ಪಾಲಿಪ್ರೊಪಿಲೀನ್ ಅಂತ ಬರೆದದ್ದನ್ನೇ ಕೇಳಿ. ಹೊಸ ರೇನ್‌ಕೋಟಿನ ವಾಸನೆ ಬರುವ ಮೆತ್ತನೆ ಪಿವಿಸಿ ಕವರ್ ಬೇಡ. ಅದು ಕಾಲಕ್ರಮೇಣ ಜಿಗುಟಾಗಿ ಕಾರ್ಡಿನ ಮೇಲ್ಮೈಗೆ ಅಂಟುತ್ತದೆ. ಪುಟಕ್ಕೆ ಒಂಬತ್ತು ಕಿಸೆಯ ಹಾಳೆ ಹಾಕಿ ರಿಂಗ್ ಫೈಲಿನಲ್ಲಿ ಇಡುವುದು ಎರಡನೇ ತಿಂಗಳ ಕೆಲಸ. ಫೈಲನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ.

ಲ್ಯಾಮಿನೇಶನ್ ಮಾಡಿಸಬೇಡಿ. ಪ್ರೀತಿಯಿಂದ ಮಾಡಿಸುವವರಿದ್ದಾರೆ, ಆದರೆ ಬಿಸಿ ರೋಲರಿನಲ್ಲಿ ಹೋಗಿ ಬಂದ ಕಾರ್ಡನ್ನು ಆಮೇಲೆ ಯಾರೂ ಬದಲಿಗೆ ತೆಗೆದುಕೊಳ್ಳುವುದಿಲ್ಲ. ರಬ್ಬರ್ ಬ್ಯಾಂಡ್ ಹಾಕಿದರೆ ಅಂಚಿನಲ್ಲಿ ಹಳ್ಳ ಬೀಳುತ್ತದೆ, ಬೇಸಿಗೆಯ ಸೆಕೆಗೆ ಕರಗಿ ಮೆತ್ತಿಕೊಳ್ಳುತ್ತದೆ ಕೂಡ.

ಹೊಳೆಯುವ ಫಾಯಿಲ್ ಕಾರ್ಡಿನ ಕಷ್ಟವೇ ಬೇರೆ. ಮಳೆ ಶುರುವಾದ ಎರಡೇ ವಾರದಲ್ಲಿ ಅದು ದೋಣಿಯ ಹಾಗೆ ಬಾಗುತ್ತದೆ. ಹಿಂದಿನ ಕಾಗದ ತೇವ ಹೀರಿ ಹಿಗ್ಗುತ್ತದೆ, ಮುಂದಿನ ಫಾಯಿಲ್ ಹಿಗ್ಗುವುದಿಲ್ಲ. ಅದಕ್ಕೇ ಚಿತ್ರದ ಕಡೆಗೆ ಬಾಗುವುದು. ಇಸ್ತ್ರಿಪೆಟ್ಟಿಗೆ ಮುಟ್ಟಬೇಡಿ! ಕವರಿಗೆ ಹಾಕಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಮಲಗಿಸಿ, ಮೇಲೊಂದು ದಪ್ಪ ಪುಸ್ತಕ ಇಡಿ. ತೇವ ಇಳಿದಂತೆ ನಿಧಾನವಾಗಿ ನೆಟ್ಟಗಾಗುತ್ತದೆ.

ಸಿಲಿಕಾ ಜೆಲ್ ಹೊಸತೇ ಆಗಬೇಕು. ಶೂ ಡಬ್ಬದಲ್ಲಿ ಬಂದ ಹಳೆ ಪೊಟ್ಟಣ ಅದಾಗಲೇ ಹೊಟ್ಟೆ ತುಂಬ ತೇವ ಕುಡಿದಿರುತ್ತದೆ. ಬಣ್ಣ ಬದಲಾಗುವ ಹರಳಿನ ಪೊಟ್ಟಣ ಸಿಕ್ಕರೆ ಯಾವಾಗ ಬದಲಿಸಬೇಕು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಸಣ್ಣ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಡಬ್ಬವನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ, ಗೋಡೆಯ ಪಸೆ ಒಳಗೆ ಬರುತ್ತದೆ. ಮನೆಯ ನಡುಕೋಣೆ ಒಳ್ಳೆಯದು. ನುಸಿಗುಳಿಗೆ ಹಾಕಿದರೆ ಅದರ ವಾಸನೆ ಕಾರ್ಡಿಗೆ ಹಿಡಿದು ಬಿಡುವುದೇ ಇಲ್ಲ. ಮತ್ತೆ, ಮಳೆ ಜೋರಾಗಿ ಬರುತ್ತಿರುವಾಗ ನೆಂಟರಿಗೆ ತೋರಿಸಲು ಡಬ್ಬ ತೆರೆಯುವ ಚಪಲ ಬೇಡ. ಗೋಳಿಬಜೆ ತಿಂದ ಕೈಯಂತೂ ಹತ್ತಿರವೇ ಬರಬಾರದು.

ಸಿಗದ ಕಾರ್ಡನ್ನು ಮಾಡಿಕೊಳ್ಳಿ

ಕರಾವಳಿಯ ಆಟಗಾರರು ಅಂತ ವಿಷಯ ಹಿಡಿದರೆ ಬೇಗ ಒಂದು ಗೋಡೆ ಎದುರಾಗುತ್ತದೆ. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಭಾರತಕ್ಕೆ 18 ಟೆಸ್ಟ್ ಆಡಿದ ವಿಕೆಟ್ ಕೀಪರ್. 1964ರ ಜನವರಿಯಲ್ಲಿ ಮದ್ರಾಸ್‌ನಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದವರು. ಅವರ ಕಾರ್ಡನ್ನು ಪ್ಯಾಕೆಟ್ ಒಡೆದು ಪಡೆಯುವ ಆಸೆ ಇಟ್ಟುಕೊಳ್ಳಬೇಡಿ. ಉಡುಪಿ ಜಿಲ್ಲೆಯ ಸಿದ್ದಾಪುರದ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2010ರ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ ಚಿನ್ನ ಗೆದ್ದವರು, ಅವರದ್ದೂ ಅಷ್ಟೇ. ಕಂಬಳದ ಓಟಗಾರರ ಸೆಟ್ ಯಾರಾದರೂ ಅಚ್ಚು ಹಾಕಿದರೆ ನಾನೇ ಮೊದಲ ಗಿರಾಕಿ.

ಅಲ್ಲಿಯವರೆಗೆ ಸ್ಟುಡಿಯೊಗೆ ಹೋಗಿ. 4 x 6 ಇಂಚಿನ ಒಂದು ಫೋಟೊ ಪ್ರಿಂಟಿನಲ್ಲಿ ಎರಡು ಕಾರ್ಡ್ ಪಕ್ಕಪಕ್ಕ ಹಿಡಿಯುತ್ತವೆ. ಒಂದರಲ್ಲಿ ಆಟಗಾರನ ಚಿತ್ರ, ಇನ್ನೊಂದರಲ್ಲಿ ಹುಟ್ಟಿದ ಊರು, ಆಡಿದ ಪಂದ್ಯ, ಗರಿಷ್ಠ ರನ್. ಎರಡನ್ನೂ ಕತ್ತರಿಸಿ ಬೆನ್ನಿಗೆ ಬೆನ್ನು ಅಂಟಿಸಿದರೆ ಕಾರ್ಡ್ ಸಿದ್ಧ. ಮನೆಯ ಸಂಗ್ರಹಕ್ಕೆ ಮಾತ್ರ, ಮಾರಬಾರದು. ಹಿಂಬದಿಯಲ್ಲಿ "ಕೈಯಾರೆ ಮಾಡಿದ್ದು" ಅಂತ ಬರೆದುಬಿಡಿ, ಮುಂದೆ ಯಾರಿಗೂ ಗೊಂದಲ ಆಗುವುದಿಲ್ಲ.

ಅಂಚೆಗೆ ಹಾಕುವಾಗ

ಬೇರೆ ಊರಿನವರ ಜೊತೆ ಅದಲುಬದಲು ಶುರುವಾದರೆ ಪ್ಯಾಕಿಂಗ್ ಕಲಿಯಲೇಬೇಕು. ಕಾರ್ಡನ್ನು ಕವರಿಗೆ ಹಾಕಿ ಎರಡು ಗಟ್ಟಿ ರಟ್ಟಿನ ನಡುವೆ ಇಡಿ. ಇದಕ್ಕೆ ಹಳೆ ಮದುವೆ ಕಾಗದದಷ್ಟು ಒಳ್ಳೆಯ ರಟ್ಟು ಬೇರೆ ಇಲ್ಲ, ಮೇ ತಿಂಗಳು ಮುಗಿಯುವಾಗ ಎಲ್ಲರ ಮನೆಯಲ್ಲೂ ಒಂದು ಕಟ್ಟು ಇದ್ದೇ ಇರುತ್ತದೆ. ಗಮ್ ಟೇಪನ್ನು ರಟ್ಟಿಗೆ ಮಾತ್ರ ಹಚ್ಚಿ, ಕವರಿಗೆ ತಾಗಬಾರದು. ಟೇಪಿನ ಒಂದು ತುದಿಯನ್ನು ಚೂರು ಮಡಚಿ ಬಿಟ್ಟರೆ ಆ ಕಡೆಯವರು ಕತ್ತರಿ ಹಾಕದೆ ಬಿಡಿಸಬಹುದು. ಹೊರಗೆ ಒಂದು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಲಕೋಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಎರಡು ಸುತ್ತು ಇರಲಿ. ಸ್ಪೀಡ್ ಪೋಸ್ಟ್ ಮಾಡಿದರೆ ಎಲ್ಲಿಗೆ ಮುಟ್ಟಿತು ಅಂತ ನೋಡಲು ನಂಬರ್ ಸಿಗುತ್ತದೆ. ಆ ರಸೀದಿಯ ಫೋಟೊವನ್ನು ಆ ಕಡೆಯವರಿಗೆ ಅವತ್ತೇ ಕಳಿಸಿ.