ಕಳ್ಸಿದ ಮೇಲ್ ಎಲ್ಲಿ ಹೋಯ್ತು? ಟ್ರ್ಯಾಕಿಂಗ್ ಲಾಗಲ್ಲಿ ಬೇಗ ಹುಡ್ಕೋದು ಹೀಗೆ

ಪುಣೆಯಲ್ಲಿ ಐಟಿ ಸಪೋರ್ಟ್ ಕೆಲ್ಸದಲ್ಲಿರೋ ನಮ್ಮವ್ರಿಗೆ, ಅದ್ರಲ್ಲೂ ಚಾಕಣ್, ಭೋಸರಿ ಕಡೆ ಫ್ಯಾಕ್ಟರಿಗಳಲ್ಲಿರೋರಿಗೆ, ತಿಂಗ್ಳ ಕೊನೆ ಬಂತಂದ್ರೆ ಒಂದೇ ರಾಗ. ಪರ್ಚೇಸಿನ ಬೆಳಗಾವಿ ಹುಡ್ಗ "ಪಿಒ (ಪರ್ಚೇಸ್ ಆರ್ಡರ್) ಕಳ್ಸೇನ್ರೀ ಸರ, ವೆಂಡರ್‌ಗೆ ಮುಟ್ಟಿಲ್ಲಂತ" ಅಂತಾನೆ, ಆ ಕಡೆ ವೆಂಡರ್ "ಮೇಲ್ ಆಲಾಚ್ ನಾಹೀ" (ಮೇಲ್ ಬಂದೇ ಇಲ್ಲ) ಅಂತ ಖಡಕ್ಕಾಗಿ ಹೇಳ್ತಾನೆ. ಇಬ್ರಲ್ಲಿ ಯಾರು ಸರಿ ಅನ್ನೋದು ಟ್ರ್ಯಾಕಿಂಗ್ ಲಾಗಲ್ಲೇ (ಯಾವ ಮೇಲ್ ಯಾವಾಗ ಎಲ್ಲಿಗೆ ಹೋಯ್ತು ಅಂತ ಮೇಲ್ ಸರ್ವರ್ ಬರೆದಿಡೋ ದಾಖಲೆ) ಇರತ್ತೆ, ಆದ್ರೆ ಬರೀ "ಪಿಒ" ಅಂತ ಸಬ್ಜೆಕ್ಟ್ ಹಾಕಿ ಹುಡ್ಕೋಕೆ ಕೂತ್ರೆ ಆ ದಿನ ಮುಗೀತು ಅಂತಿಟ್ಕೊಳ್ಳಿ.

ಮೊದ್ಲು ಫೋನಲ್ಲೇ ಕೇಳ್ಕೊಳ್ಳಿ: ಯಾವ ಐಡಿಯಿಂದ ಕಳ್ಸಿದ್ದು, ಯಾವ ಐಡಿಗೆ, ಸುಮಾರು ಎಷ್ಟೊತ್ತಿಗೆ. ಎಕ್ಸ್‌ಚೇಂಜಲ್ಲಿ (ಮೈಕ್ರೋಸಾಫ್ಟಿನ ಮೇಲ್ ಸರ್ವರ್) ಸೆಂಡರ್, ರೆಸಿಪಿಯೆಂಟ್ ಐಡಿ ಅಕ್ಷರಕ್ಕಕ್ಷರ ಸರಿ ಇರ್ಬೇಕು, ಅರ್ಧಂಬರ್ಧ ಹಾಕಿದ್ರೆ ಏನೂ ಸಿಗಲ್ಲ.

ಆಮೇಲೆ ಟೈಮ್. ಜಾಸ್ತಿ ಜನ ಎಡವೋದು ಇಲ್ಲೇ. ಗೆಟ್-ಮೆಸೇಜ್‌ಟ್ರ್ಯಾಕಿಂಗ್‌ಲಾಗ್ ಅನ್ನೋ ಲಾಗ್ ಹುಡ್ಕೋ ಕಮಾಂಡಿಗೆ ಸ್ಟಾರ್ಟ್, ಎಂಡ್ ಟೈಮ್ ಎರಡೂ ಕೊಡಿ, ಒಂದೆರಡು ಗಂಟೆ ಗ್ಯಾಪ್ ಸಾಕು. ತಾರೀಖು ಬರೆಯೋ ರೀತಿ ಕಮಾಂಡ್ ಓಡಿಸೋ ಕಂಪ್ಯೂಟರಿನ ರೀಜನಲ್ ಸೆಟ್ಟಿಂಗ್ ಪ್ರಕಾರ ಇರತ್ತೆ, ಅಮೆರಿಕದ ಸೆಟ್ಟಿಂಗ್ ಇದ್ರೆ ನೀವು ಜುಲೈ 5 ಅಂದ್ಕೊಂಡು 05/07 ಹಾಕ್ತೀರಿ, ಅದು ಮೇ 7ನ್ನ ಹುಡ್ಕತ್ತೆ, ಸಿಗದಿದ್ರೆ "ಮೇಲ್ ಹೋಗೇ ಇಲ್ಲ" ಅಂತ ಪಾಪದ ಹುಡ್ಗನ ಮೇಲೆ ತಪ್ಪು ಹೊರಿಸ್ತೀರಿ. ಇನ್ನು ಲಾಗ್ ಫೈಲನ್ನೇ ನೇರವಾಗಿ ತೆರೆದ್ರೆ ಅಲ್ಲಿರೋದು ಯುಟಿಸಿ (ಜಾಗತಿಕ) ಟೈಮ್, ನಮ್ಮ ಭಾರತದ ಟೈಮ್ ಐಎಸ್‌ಟಿಗಿಂತ ಐದೂವರೆ ಗಂಟೆ ಹಿಂದೆ, ಅಂದ್ರೆ ಮಧ್ಯಾಹ್ನ 3ಕ್ಕೆ ಕಳ್ಸಿದ್ದು ಅಲ್ಲಿ ಬೆಳಿಗ್ಗೆ 9:30.

ಎಲ್ಲಾ ಸಾಲೂ ಎಳ್ಕೊಂಡು ಆಮೇಲೆ ವೇರ್-ಆಬ್ಜೆಕ್ಟ್ ಅನ್ನೋ ಇನ್ನೊಂದು ಕಮಾಂಡಲ್ಲಿ ಸೋಸೋದು ದಂಡ, ಕಮಾಂಡಲ್ಲೇ ಫಿಲ್ಟರ್ ಹಾಕಿ. ಸುಮ್ನೆ ಬಿಟ್ರೆ 1000 ಸಾಲಿಗೆ ನಿಂತ್ಬಿಡತ್ತೆ, ಪೂರ್ತಿ ಬೇಕಂದ್ರೆ ರಿಸಲ್ಟ್‌ಸೈಜ್ ಅನ್‌ಲಿಮಿಟೆಡ್ ಅನ್ಬೇಕು. ಸರ್ವರ್ ಒಂದಕ್ಕಿಂತ ಹೆಚ್ಚಿದ್ರೆ ಗೆಟ್-ಟ್ರಾನ್ಸ್‌ಪೋರ್ಟ್‌ಸರ್ವಿಸ್ ಇಂದ ಪೈಪ್ ಮಾಡಿ (ಅದು ಕೊಡೋ ಸರ್ವರ್ ಪಟ್ಟಿಯನ್ನ ಈ ಕಮಾಂಡಿಗೆ ದಾಟಿಸಿ), ಇಲ್ಲಾಂದ್ರೆ ನೀವು ಕೂತಿರೋ ಸರ್ವರ್ ಒಂದನ್ನೇ ನೋಡತ್ತೆ.

ಒಂದು ಸಾಲು ಸಿಕ್ತಾ, ಅದ್ರಲ್ಲಿರೋ ಮೆಸೇಜ್ ಐಡಿ (ಆ ಮೇಲ್‌ಗೆ ಮಾತ್ರ ಇರೋ ಗುರುತು) ಕಾಪಿ ಮಾಡ್ಕೊಳ್ಳಿ, ಇನ್ಮೇಲೆ ಸೆಂಡರ್ ಟೈಮ್ ಎಲ್ಲಾ ಬಿಡಿ, ಆ ಐಡಿ ಒಂದನ್ನೇ ಕೋಟ್ಸ್ ಒಳಗೆ ಹಾಕಿ ಎಲ್ಲಾ ಸರ್ವರಲ್ಲೂ ಹುಡ್ಕಿ, ಟೈಮ್ ಪ್ರಕಾರ ಸಾರ್ಟ್ ಮಾಡಿ. ಸರ್ವರ್ ಬದಲಾದ್ರೂ ಇದು ಬದಲಾಗಲ್ಲ, ಇಂಟರ್ನಲ್ ಮೆಸೇಜ್ ಐಡಿ ಅಂತ ಇನ್ನೊಂದಿದೆ, ಅದು ಸರ್ವರಿಗೊಂದು ಥರ, ಅದನ್ನ ನಂಬ್ಕೋಬೇಡಿ. ಈವೆಂಟ್ ಕಾಲಮ್ಮಲ್ಲಿ ರಿಸೀವ್, ಸೆಂಡ್, ಡೆಲಿವರ್ ಅಂದ್ರೆ ದಾರಿ ಸರಿ ಇದೆ. ಡಿಫರ್ ಅಂದ್ರೆ ತಡ ಆಗ್ತಿದೆ, ಫೇಲ್ ಅಂದ್ರೆ ಗೊತ್ತೇ ಇದೆಯಲ್ಲ. ಎಕ್ಸ್‌ಪ್ಯಾಂಡ್ ಕಂಡ್ರೆ ಮೇಲ್ ಗ್ರೂಪ್ ಐಡಿಗೆ ಹೋಗಿದೆ ಅಂತ. ರೆಸಿಪಿಯೆಂಟ್ ಸ್ಟೇಟಸ್ ಕಾಲಮ್ಮಲ್ಲಿ 250 ಇದ್ರೆ ಆ ಕಡೆ ಸರ್ವರ್ ತಗೊಂಡಿದೆ, 4ರಿಂದ ಶುರುವಾಗೋ ಕೋಡ್ ಆಮೇಲೆ ಟ್ರೈ ಮಾಡು ಅಂತ, 5 ಆದ್ರೆ ಆಗಲ್ಲ ಅಂತ. 250 ಬಂದ್ಮೇಲೆ ಇನ್‌ಬಾಕ್ಸಿಗೆ ಬಿತ್ತೋ ಸ್ಪ್ಯಾಮಿಗೆ ಬಿತ್ತೋ ನಿಮ್ಮ ಲಾಗ್ ಹೇಳಲ್ಲ, ಆ ಸಾಲನ್ನ ವೆಂಡರ್ ಐಟಿಯವ್ರಿಗೆ ಕಳ್ಸಿ, ಟೈಮ್ ಜೊತೆ ಐಎಸ್‌ಟಿನಾ ಯುಟಿಸಿನಾ ಅಂತ ಬರೀರಿ.

ಪೋಸ್ಟ್‌ಫಿಕ್ಸ್ (ಲಿನಕ್ಸಿನ ಮೇಲ್ ಸರ್ವರ್) ಇರೋರಿಗೂ ದಾರಿ ಇದೇ: ಮೆಸೇಜ್ ಐಡಿಯನ್ನ ಗ್ರೆಪ್ ಮಾಡಿದ್ರೆ (ಫೈಲಲ್ಲಿ ಪದ ಹುಡ್ಕೋ ಕಮಾಂಡ್) ಕ್ಲೀನಪ್ ಅಂತಿರೋ ಸಾಲಲ್ಲಿ ಕ್ಯೂ ಐಡಿ (ಆ ಸರ್ವರ್ ಮೇಲ್‌ಗೆ ಕೊಡೋ ತನ್ನದೇ ಗುರುತು) ಸಿಗತ್ತೆ, ಆ ಕ್ಯೂ ಐಡಿ ಗ್ರೆಪ್ ಮಾಡಿದ್ರೆ ಪೂರ್ತಿ ಜಾತಕ. ಮಧ್ಯ ಸ್ಪ್ಯಾಮ್ ಫಿಲ್ಟರ್ ಕೂರಿಸಿದ್ರೆ ಕ್ಯೂ ಐಡಿ ಬದಲಾಗ್ಬೋದು, ಆಗ ಮತ್ತೆ ಮೆಸೇಜ್ ಐಡಿಗೇ ಬನ್ನಿ. ಜಿಪ್ ಆಗಿರೋ ಹಳೇ ಲಾಗಿಗೆ ಜೆಡ್‌ಗ್ರೆಪ್.

ಇದೆಲ್ಲಾ ಲಾಗ್ ಉಳಿದಿದ್ರೆ ಮಾತ್ರ. ಎಕ್ಸ್‌ಚೇಂಜ್ ತಾನಾಗಿ ಇಡೋದು 30 ದಿನ, ಫೋಲ್ಡರ್ 1000 ಎಂಬಿ ತುಂಬಿದ್ರೆ ಅದಕ್ಕೂ ಮುಂಚೇನೇ ಹಳೇದು ಅಳಿಸ್ಕೊಂಡು ಹೋಗತ್ತೆ. ಮೈಕ್ರೋಸಾಫ್ಟ್ 365 ಆದ್ರೆ 90 ದಿನ ಹಿಂದಕ್ಕೆ ಹೋಗ್ಬೋದು. ಪೇಮೆಂಟ್ ತಕರಾರು ಮೂರು ತಿಂಗ್ಳಾದ್ಮೇಲೆ ಬರೋ ಕಂಪನಿ ನಿಮ್ದಾದ್ರೆ ಸ್ವಂತ ಸರ್ವರಲ್ಲಿ ದಿನ, ಸೈಜ್ ಎರಡನ್ನೂ ಏರಿಸಿ, ಒಂದನ್ನೇ ಏರಿಸಿದ್ರೆ ಇನ್ನೊಂದು ಅಡ್ಡ ಬರತ್ತೆ.