ತೂಕ ನೋಡಿ, ತೂಗಾಟ ಎಣಿಸಿ ಕೊಂಡ ದೋಣಿ

ಕಾರವಾರದ ಹೊರವಲಯದ, ಲಾರಿ ತೂಗುವ ಕಾಟಾದ ಮೇಲೆ ನಾನು ದೋಣಿ ನಿಲ್ಲಿಸಿದ ದಿನ ಸರತಿಯಲ್ಲಿದ್ದ ಲಾರಿ ಚಾಲಕರೆಲ್ಲ ಇಳಿದು ಬಂದು ಸುತ್ತ ನಿಂತರು. ಜೊತೆಗಿದ್ದ ನನ್ನ ಹೆಂಡತಿಯ ತಮ್ಮನಿಗೆ ನಾಚಿಕೆಯಾಗಿತ್ತು. "ಮಾವ, ದೋಣಿ ಏನು ಭತ್ತವೇ, ಕಾಟಾ ಹಾಕಿಸಿ ಕೊಳ್ಳುವುದಕ್ಕೆ?" ಎಂದ. ದೋಣಿ ಮಾರುವವರೂ ಅದನ್ನೇ ಕೇಳಿದ್ದರು. ಇಪ್ಪತ್ತು ವರ್ಷದಿಂದ ಸಮುದ್ರದ ಮೇಲಿರುವ ಅಲ್ಲಿನ ಸ್ನೇಹಿತರೊಬ್ಬರು, ಎಂಜಿನ್ನಿನ ಸದ್ದು ಕೇಳಿ, ತಳ ನೋಡಿ, ದರ ಮುರಿದು ಕೊಂಡುಬಿಡು ಎಂದು ಬುದ್ಧಿ ಹೇಳಿದ್ದರು. ಅವರೆಲ್ಲರ ಮಾತು ಮೀರಿ ನಾನು ಮಾಡಿದ್ದು ಸರಿಯಾಗಿತ್ತು ಎಂದು ಎರಡು ಮಳೆಗಾಲ ಕಳೆದ ಮೇಲೆ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನ ಕಸುಬು ಗಂಗಾವತಿಯ ಅಕ್ಕಿ ಗಿರಣಿಗಳ ಯಂತ್ರ ರಿಪೇರಿ. ದೋಣಿಯ ಹುಚ್ಚು ತುಂಗಭದ್ರೆಯ ಹಿನ್ನೀರಿನಿಂದ ಹತ್ತಿದ್ದು. ಜಲಾಶಯ ಸಮುದ್ರಮಟ್ಟದಿಂದ 1633 ಅಡಿಯ ಪೂರ್ಣ ಮಟ್ಟಕ್ಕೆ ತುಂಬಿದ ದಿನ ಮುನಿರಾಬಾದಿನ ಕಡೆ ನಿಂತು ನೋಡಿದವರಿಗೆ ನಾನು ಬೇರೆ ಕಾರಣ ಹೇಳಬೇಕಿಲ್ಲ. ಮೊದಲ ದೋಣಿಯನ್ನು ಹೊಳಪು ನೋಡಿ ಕೊಂಡೆ. ಹದಿನಾರು ಅಡಿಯ ತೆರೆದ ಫೈಬರ್ ದೋಣಿ, ಒಂದು ಲಕ್ಷ ನಲವತ್ತು ಸಾವಿರವೋ ಏನೋ ಕೊಟ್ಟ ನೆನಪು. ನಾಲ್ಕನೇ ಸಲ ನೀರಿಗೆ ಇಳಿಸಿದಾಗ ಎಂಜಿನ್ ಕಟ್ಟಿದ್ದ ಹಿಂಬದಿಯ ಹಲಗೆ ಮೊಳೆ ಸಮೇತ ಕಿತ್ತು ಬಂತು. ಹೊರಗೆ ಫೈಬರ್ ಮಿರಮಿರ ಮಿಂಚುತ್ತಿತ್ತು, ಒಳಗಿನ ಪ್ಲೈವುಡ್ ನೆನೆದ ಬೂಂದಿಯಂತೆ ಕೈಯಲ್ಲಿ ಪುಡಿಯಾಯಿತು. ಎಂಜಿನ್ ಹಗ್ಗಕ್ಕೆ ನೇತಾಡುತ್ತಿತ್ತು. ಡಬ್ಬದ ಮುಚ್ಚಳವನ್ನೇ ಹುಟ್ಟು ಮಾಡಿಕೊಂಡು ಮೂರು ತಾಸು ಹುಟ್ಟು ಹಾಕಿ ದಂಡೆ ಸೇರಿದೆವು. ಆ ದೋಣಿಯನ್ನು ಕೊನೆಗೆ ಮೂವತ್ತೈದು ಸಾವಿರಕ್ಕೆ ಕೊಟ್ಟೆ. ಕಳೆದುಕೊಂಡ ಲಕ್ಷ ರೂಪಾಯಿಗಿಂತ, ಕೊಳ್ಳುವ ಮುಂಚೆ ಅದನ್ನು ಪತ್ತೆ ಹಚ್ಚಲಾಗಲಿಲ್ಲವಲ್ಲ ಎಂಬುದೇ ಹೆಚ್ಚು ನೋವು ಕೊಟ್ಟಿತು. ಗಿರಣಿಗೆ ಬಂದ ಭತ್ತದ ಚೀಲದಲ್ಲಿ ತೇವ ಎಷ್ಟಿದೆ ಎಂದು ಅಂಗೈಯಲ್ಲಿ ಹಿಡಿದು ಹೇಳುವವನು ನಾನು.

2023ರಲ್ಲಿ ಮಳೆ ಕೈಕೊಟ್ಟಿತು, ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬರಲಿಲ್ಲ, ಗಿರಣಿಗಳ ಕೆಲಸ ಅರ್ಧಕ್ಕೆ ಇಳಿಯಿತು. ಕೈಯಲ್ಲಿ ಸಮಯವಿತ್ತು. 2024ರ ಆರಂಭದಲ್ಲಿ ಕರಾವಳಿಯಲ್ಲಿ ಎರಡು ಕ್ಯಾಬಿನ್ ದೋಣಿಗಳು ಮಾರಾಟಕ್ಕಿವೆ ಎಂದು ಗೊತ್ತಾಯಿತು. ಒಂದೇ ಅಚ್ಚಿನಲ್ಲಿ ಎರಕವಾದ ಅವಳಿಗಳು. ಇಪ್ಪತ್ತೆರಡು ಅಡಿ ಉದ್ದ, ಏಳೂವರೆ ಅಡಿ ಅಗಲ, ಒಳಗೆ ಇಬ್ಬರು ಮಲಗುವ ಎರಡು ಹಲಗೆ, ಒಂದು ಸ್ಟೌ ಇಡುವ ಮೂಲೆ, ತಳದ ಎರಡು ಬದಿಗೆ ಉದ್ದಕ್ಕೂ ಚಾಚಿದ ಎರಡು ಪಕ್ಕಪಟ್ಟಿ, ಹಿಂದೆ ಹೊರಗೆ ಕಟ್ಟುವ 25 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್. ಒಂದು ನೀಲಿ, ಹೊಸ ಬಣ್ಣ, ಹೊಸ ಹಾಸಿಗೆ, ಕೇಳಿದ ದರ ನಾಲ್ಕು ಲಕ್ಷ ಅರವತ್ತು ಸಾವಿರ. ಇನ್ನೊಂದು ಬಿಳಿ ಎನ್ನಬೇಕು, ಬಿಸಿಲಿಗೆ ಸುಣ್ಣದಂತಾಗಿತ್ತು, ಕೈಯಾಡಿಸಿದರೆ ಪುಡಿ ಹತ್ತುತ್ತಿತ್ತು. ಅದಕ್ಕೆ ನಾಲ್ಕು ಲಕ್ಷ ಹತ್ತು. ನನ್ನ ಜೊತೆ ಬಂದವರೆಲ್ಲ ನೀಲಿಯ ಪರ. ಐವತ್ತು ಸಾವಿರ ಹೆಚ್ಚಿಗೆ ಕೊಟ್ಟರೆ ರಿಪೇರಿಯ ತಲೆನೋವು ಇಲ್ಲ ಎಂಬುದು ಅವರ ಲೆಕ್ಕ.

ಒಳಗಿನ ಮರ ನೀರು ಕುಡಿದಿದ್ದರೆ ದೋಣಿ ತೂಕದಲ್ಲಿ ಸಿಕ್ಕಿಬೀಳುತ್ತದೆ. ಒಂದೇ ಅಚ್ಚಿನವು ಎನ್ನುವುದೇ ನನಗೆ ಸಿಕ್ಕ ದೊಡ್ಡ ಅನುಕೂಲ. ಒಂಟಿ ದೋಣಿಯನ್ನು ತೂಗಿದರೆ ಸಿಕ್ಕ ಅಂಕಿಯನ್ನು ಯಾವುದಕ್ಕೆ ಹೋಲಿಸುವುದು? ಅವಳಿಗಳಿದ್ದರೆ ಒಂದು ಇನ್ನೊಂದರ ಸಾಕ್ಷಿ. ಎಂಜಿನ್, ಬ್ಯಾಟರಿ, ಲಂಗರು, ಹಾಸಿಗೆ, ಸ್ಟೌ ಎಲ್ಲ ಇಳಿಸಿ, ತಳದ ನೀರು ಬತ್ತಿಸಿ, ಒಂದೇ ಟ್ರೇಲರಿನ ಮೇಲೆ ಒಂದರ ನಂತರ ಒಂದನ್ನು ಕಾಟಾಕ್ಕೆ ಒಯ್ದೆ. ಕ್ರೇನಿಗೂ ಟ್ರೇಲರಿಗೂ ಒಂಬತ್ತು ಸಾವಿರದ ಮೇಲೆ ಹೋಯಿತು. ಮಾರುವವರು ಒಪ್ಪಲು ಒಂದು ದಿನ ಹಿಡಿಯಿತು, ಮುಂಗಡವಾಗಿ ಹತ್ತು ಸಾವಿರ ಕೈಗಿಟ್ಟ ಮೇಲೆ ಒಪ್ಪಿದರು. ಟ್ರೇಲರ್ ಸೇರಿ ಬಿಳಿಯದು 1,770 ಕಿಲೋ, ನೀಲಿಯದು 1,980. ಹೆಚ್ಚುಕಡಿಮೆ 210 ಕಿಲೋ ವ್ಯತ್ಯಾಸ. ಒಂದು ಅಚ್ಚಿನ ದೋಣಿಗಳಲ್ಲಿ ಫೈಬರ್ ಹಾಕುವವನ ಕೈ ಹೆಚ್ಚುಕಡಿಮೆಯಾದರೂ ಐವತ್ತು ಅರವತ್ತು ಕಿಲೋ ಬರಬಹುದು. ಎಂಟು ಚೀಲ ಅಕ್ಕಿಯಷ್ಟು ಬರುವುದಿಲ್ಲ.

ಆಮೇಲೆ ನೀಲಿ ದೋಣಿಯ ನೀರಿನ ಗೆರೆಯನ್ನು, ಅಂದರೆ ತೇಲುವಾಗ ನೀರು ಮುಟ್ಟುವ ಮಟ್ಟಕ್ಕೆ ಬಳಿದ ಗೆರೆಯನ್ನು, ಬಗ್ಗಿ ನೋಡಿದೆ. ಬಿಳಿಯದರ ಗೆರೆಗಿಂತ ಒಂದು ಇಂಚು ಮೇಲೆ ಹೊಸದಾಗಿ ಎಳೆದಿದ್ದರು. ಈ ಗಾತ್ರದ ದೋಣಿ ಒಂದು ಇಂಚು ಹೆಚ್ಚಿಗೆ ಮುಳುಗಲು ಇನ್ನೂರು ಕಿಲೋ ಚಿಲ್ಲರೆ ಬೇಕು. ಕಾಟಾ ಹೇಳಿದ್ದನ್ನೇ ಬಣ್ಣದ ಗೆರೆಯೂ ಹೇಳುತ್ತಿತ್ತು. ಅಲ್ಲಿಗೆ ಬಂದು ಹೋದ ಎಷ್ಟೋ ಜನ ಆ ಗೆರೆಯನ್ನು ನೋಡಿದ್ದಾರೆ, ಅಳೆದಿಲ್ಲ.

ಭಾರ ಹೆಚ್ಚು ಎಂದು ಗೊತ್ತಾದರೆ ಕೆಲಸ ಅರ್ಧ ಮುಗಿಯಿತು. ಭಾರ ಎಲ್ಲಿದೆ ಎಂಬುದು ಇನ್ನರ್ಧ. ತಳದಲ್ಲಿ ನೀರು ಕುಡಿದಿದ್ದರೆ ಒಂದು ರೋಗ, ಮೇಲಿನ ಹಲಗೆಯಲ್ಲಿದ್ದರೆ ಬೇರೆ ರೋಗ. ಇದಕ್ಕಾಗಿಯೇ ಗಂಗಾವತಿಯಿಂದ ಹೊರಡುವಾಗ ಪಿಕಪ್ಪಿನಲ್ಲಿ 25 ಕಿಲೋದ ಎಂಟು ಚೀಲ ಸೋನಾ ಮಸೂರಿ ಹೇರಿಕೊಂಡು ಹೋಗಿದ್ದೆ. ಮರಳಿನ ಚೀಲ ಸಾಲದೇ ಎಂದು ಹಮಾಲರು ಕೇಳಿದರು. ಮರಳಿನ ತೂಕ ಒದ್ದೆಯಾದಂತೆ ಬದಲಾಗುತ್ತದೆ, ಗಿರಣಿಯ ಅಕ್ಕಿ ಚೀಲ ನಾನೇ ತೂಗಿ ಹೊಲಿಸಿದ್ದು. ಜೊತೆಗೆ ಕೆಲಸ ಮುಗಿದ ಮೇಲೆ ಮರಳನ್ನು ಯಾರೂ ಕೊಳ್ಳುವುದಿಲ್ಲ. ಅಕ್ಕಿಯನ್ನು ಅಲ್ಲಿಯ ಒಂದು ಖಾನಾವಳಿಯವರು ಸಂತೋಷದಿಂದ ತೆಗೆದುಕೊಂಡರು, ಡೀಸೆಲ್ ಖರ್ಚು ಹೊರಟಿತು.

ಕಾಳಿ ನದಿಯ ಅಳಿವೆಯಲ್ಲಿ ಉಬ್ಬರ ನಿಂತು ಇಳಿತ ಶುರುವಾಗದ ಹೊತ್ತು ನೋಡಿ ಎರಡನ್ನೂ ನೀರಿಗೆ ಇಳಿಸಿದೆವು. ಎರಡು ಬದಿಗೂ ನಾಲ್ಕು ನಾಲ್ಕು ಚೀಲ, ಕ್ಯಾಬಿನ್ನಿನ ಸೂರಿಗೆ ಗೌಂಡಿಗಳ ತೂಗುಗುಂಡು, ಮೂರು ಅಡಿ ದಾರ, ಕೆಳಗೆ ಅಳತೆಪಟ್ಟಿ. ಒಂದು ಬದಿಯ ಎರಡು ಚೀಲ ಎತ್ತಿ ಇನ್ನೊಂದು ಬದಿಗೆ ಇಟ್ಟರೆ ಬಿಳಿ ದೋಣಿಯಲ್ಲಿ ಗುಂಡು ಮೂರು ಇಂಚಿನ ಮೇಲೆ ಸ್ವಲ್ಪ ಸರಿಯಿತು. ನೀಲಿಯಲ್ಲಿ ನಾಲ್ಕೂವರೆ. ಭಾರವಾದ ದೋಣಿ ಕಡಿಮೆ ವಾಲಬೇಕಿತ್ತು, ಹೆಚ್ಚು ವಾಲಿತು. ನಂತರ ಚೀಲ ಇಳಿಸಿ, ಹಗ್ಗ ಸಡಿಲ ಬಿಟ್ಟು, ದೋಣಿಯನ್ನು ಅತ್ತಿತ್ತ ತೂಗಾಡಲು ಬಿಟ್ಟು ಎಣಿಸಿದೆ. ಹತ್ತು ತೂಗಾಟಕ್ಕೆ ಬಿಳಿಯದು 21 ಸೆಕೆಂಡು, ನೀಲಿಯದು 27. ಮೂರು ಮೂರು ಸಲ ಎಣಿಸಿದೆ, ಒಂದು ಸೆಕೆಂಡಿನ ಒಳಗೇ ಬಂತು. ದೋಣಿಯೊಳಗೆ ಯಾರೂ ಇಲ್ಲದೆ, ದಂಡೆಯಿಂದ ತಳ್ಳದೆ, ಸಮನಾಗಿ ತೂಗಿಸಲು ನಾನು ಮಾಡಿದ ಉಪಾಯವೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎದುರಿಗೆ ಬಂದು ಕೇಳಿದರೆ ಮಾಡಿ ತೋರಿಸುತ್ತೇನೆ.

ಹೆಚ್ಚಿನ 210 ಕಿಲೋ ತಳದಲ್ಲಿದ್ದಿದ್ದರೆ ನೀಲಿಯದು ಚುರುಕಾಗಿ ತೂಗಿ ಬೇಗ ನೆಟ್ಟಗಾಗಬೇಕಿತ್ತು. ಅದು ತುಂಬಿದ ಕೊಡ ಹೊತ್ತವರ ಹಾಗೆ ನಿಧಾನವಾಗಿ ಹೊರಳಿ, ಹೊರಳಿದಲ್ಲಿಯೇ ಒಂದು ಕ್ಷಣ ನಿಂತು ಹಿಂದಿರುಗುತ್ತಿತ್ತು. ಭಾರ ಮೇಲಿದೆ ಎಂದು ಅಲ್ಲಿಯೇ ಹೇಳಿದೆ. ಕ್ಯಾಬಿನ್ನಿನ ಸೂರು, ಮೇಲಿನ ಹಾಸು, ಇವುಗಳೊಳಗಿನ ಪ್ಲೈವುಡ್ ಕೊಳೆತಿದೆ, ಅದನ್ನು ತೆಗೆಯದೆ ಅದರ ಮೇಲೆಯೇ ಮತ್ತೊಂದು ಪ್ಲೈವುಡ್, ಮತ್ತೆರಡು ಪದರ ಫೈಬರ್ ಹೊದಿಸಿ ಬಣ್ಣ ಬಳಿದಿದ್ದಾರೆ. ಐದು ರೂಪಾಯಿ ನಾಣ್ಯದಿಂದ ತಟ್ಟಿ ನೋಡಿದರೆ ಬಿಳಿಯದು ಚೆನ್ನಾಗಿ ಸುಟ್ಟ ಮಡಕೆಯಂತೆ ಟಣ್ ಎಂದಿತು, ನೀಲಿಯ ಸೂರು ಹಸಿ ಮಣ್ಣಿನ ಸದ್ದು ಕೊಟ್ಟಿತು. ತಟ್ಟುವ ಪರೀಕ್ಷೆ ಎಲ್ಲರಿಗೂ ಗೊತ್ತಿರುವುದೇ. ಆದರೆ ಎರಡು ಪದರ ಹೊದಿಸಿದ ಕಡೆ ಕಿವಿ ಮೋಸ ಹೋಗುತ್ತದೆ. ತೂಗಾಟ ಎಣಿಸಿದ ಮೇಲೆ ತಟ್ಟಿದ್ದರಿಂದ ಎಲ್ಲಿ ತಟ್ಟಬೇಕು ಎಂದು ನನಗೆ ತಿಳಿದಿತ್ತು.

ಗಿರಣಿಯಿಂದ ಭತ್ತದ ತೇವ ಅಳೆಯುವ ಮೀಟರನ್ನೂ ಒಯ್ದಿದ್ದೆ. ಅದು ಕೆಲಸಕ್ಕೆ ಬರಲಿಲ್ಲ. ಕಾಳನ್ನು ಬಟ್ಟಲಿಗೆ ಹಾಕಿ ಅಳೆಯುವ ಯಂತ್ರವನ್ನು ಫೈಬರಿಗೆ ಒತ್ತಿದರೆ ಏನೂ ಹೇಳುವುದಿಲ್ಲ. ಅದರ ಬದಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ತಳಕ್ಕೆ ಅಂಟಿಸಿ ಒಂದು ಹಗಲು ಬಿಟ್ಟೆ. ತೇವವಿದ್ದರೆ ಹಾಳೆಯ ಒಳಬದಿ ಬೆವರುತ್ತದೆ. ಬಿಳಿಯದರಲ್ಲಿ ಸಂಜೆಗೆ ಒಳಬದಿ ಒಣಗಿಯೇ ಇತ್ತು. ಒಳನಾಡಿನ ನಮಗೆ ಇದು ಕರಾವಳಿಯವರಿಗಿಂತ ಮುಖ್ಯ. ಉಪ್ಪುನೀರಿನಲ್ಲಿ ಮರ ಬೇಗ ಕೊಳೆಯುವುದಿಲ್ಲ, ಸಿಹಿನೀರಿನಲ್ಲಿ ಕೊಳೆಯುತ್ತದೆ. ಸಮುದ್ರದಲ್ಲಿ ಹತ್ತು ವರ್ಷ ತಡೆದ ಹಲಗೆ ತುಂಗಭದ್ರೆಯಲ್ಲಿ ಮೂರು ವರ್ಷ ತಡೆಯುತ್ತದೆ ಎಂದು ನಂಬಬೇಡಿ.

ಬಿಳಿ ದೋಣಿಯನ್ನು ಮೂರು ಲಕ್ಷ ಅರವತ್ತು ಸಾವಿರಕ್ಕೆ ದರ ಮುರಿದು ಕೊಂಡೆ. ಅರಬೈಲು ಘಟ್ಟ ಹತ್ತಿಸಿ, ಹುಬ್ಬಳ್ಳಿ, ಕೊಪ್ಪಳ ದಾಟಿ ಗಂಗಾವತಿಗೆ ತರಲು ಕ್ರೇನ್ ಸೇರಿ ನಲವತ್ತೊಂದು ಸಾವಿರ.

ಇಲ್ಲಿಗೆ ತಂದ ಮೇಲೆ ತಪ್ಪು ಮಾಡಿದೆ, ಅದನ್ನೂ ಬರೆಯಬೇಕು. ಏಪ್ರಿಲ್‌ನಲ್ಲಿ ದೋಣಿಯ ರಿಪೇರಿಗೆ ಗಿರಣಿಯ ಅಂಗಳದಲ್ಲಿ ರೆಸಿನ್, ಅಂದರೆ ಫೈಬರ್ ಮೆತ್ತುವ ಅಂಟು, ಕಲಸಿದೆ. ಕರಾವಳಿಯವರು ಹೇಳಿದ ಪ್ರಮಾಣದಲ್ಲಿಯೇ ಗಟ್ಟಿಕಾರಕ ಹಾಕಿದ್ದೆ. ನಮ್ಮ ನಲವತ್ತು ದಾಟಿದ ಬಿಸಿಲಿಗೆ ಬಕೆಟ್ಟಿನಲ್ಲಿಯೇ ಹೊಗೆ ಎದ್ದಿತು, ಐದು ನಿಮಿಷಕ್ಕೆ ಕಲ್ಲಾಯಿತು. ಮರುದಿನ ಮತ್ತೆ ಅದೇ ಆಯಿತು. ಎರಡು ದಿನಕ್ಕೆ ಒಂಬತ್ತು ಕಿಲೋ ರೆಸಿನ್, ಎರಡು ಬ್ರಷ್ ಹಾಳು. ಮೂರನೇ ದಿನದಿಂದ ನಸುಕಿನ ಐದಕ್ಕೆ ಶುರು ಮಾಡಿ ಏಳೂವರೆಗೆ ನಿಲ್ಲಿಸಿದೆ, ಗಟ್ಟಿಕಾರಕ ಅರ್ಧಕ್ಕೆ ಇಳಿಸಿದೆ, ಒಂದು ಸಲಕ್ಕೆ ಅರ್ಧ ಕಿಲೋಕ್ಕಿಂತ ಹೆಚ್ಚು ಕಲಸಲಿಲ್ಲ. ಆಗ ಸರಿಯಾಯಿತು.

ಆ ಬೆಳಗುಗಳಲ್ಲಿಯೇ ಇನ್ನೊಂದು ಪ್ರಯೋಗ ಹುಟ್ಟಿತು. ಗಿರಣಿಯ ಬಾಯ್ಲರಿನ ಹಿಂದೆ ಹೊಟ್ಟಿನ ಬೂದಿ ಗುಡ್ಡದಂತೆ ಬಿದ್ದಿರುತ್ತದೆ. ಅದರಲ್ಲಿ ಸಿಲಿಕಾ ಹೆಚ್ಚು. ಬಿಳಿಯಾಗಿ ಬೆಂದ ಬೂದಿಯನ್ನು ಆರಿಸಿ, ಬಟ್ಟೆಯಲ್ಲಿ ಸೋಸಿ, ರೆಸಿನ್ನಿಗೆ ಬೆರೆಸಿ ಬಿರುಕು ತುಂಬಿದೆ. ಮೊದಲ ಸಲ ಕಪ್ಪು ಬೂದಿ ಹಾಕಿದ್ದರಿಂದ ಅಂಟು ಎರಡು ದಿನ ಜಿಗುಟಾಗಿಯೇ ಉಳಿಯಿತು, ಕೆರೆದು ತೆಗೆದೆ. ಬಿಳಿ ಬೂದಿಯದು ಅಂಗಡಿಯ ಪುಟ್ಟಿಗಿಂತ ಗಟ್ಟಿಯಾಗಿದೆ, ಮರಳುಕಾಗದಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಯಾವ ಪ್ರಮಾಣ ಎಂಬುದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ. ನೀರಿನ ಗೆರೆಯ ಕೆಳಗೆ ಮಾತ್ರ ಅದನ್ನು ನಾನಿನ್ನೂ ಹಾಕಿಲ್ಲ.

ರೆಸಿನ್, ಫೈಬರ್ ಮ್ಯಾಟ್, ಬಣ್ಣಕ್ಕೆ ಮೂವತ್ತನಾಲ್ಕು ಸಾವಿರ, ಎಂಜಿನ್ನಿಗೆ ಇಪ್ಪತ್ತೇಳು, ಜೀವರಕ್ಷಕ ಅಂಗಿ, ಲಂಗರು, ಬ್ಯಾಟರಿ, ದೀಪ ಸೇರಿ ಇಪ್ಪತ್ತೆರಡು. ಒಟ್ಟು ಐದು ಲಕ್ಷದ ಸಮೀಪ. ಅನುಮತಿಯ ಓಡಾಟವನ್ನು ವಿವರಿಸುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ಒಂದೇ ಮಾತು: ಅಣೆಕಟ್ಟಿನ ಕೆಳಗಿನ ಹೊಳೆಗೆ ಇಳಿಯಬೇಡಿ. ಅಲ್ಲಿಂದ ಕಂಪ್ಲಿ ಸೇತುವೆಯವರೆಗೆ ಸುಮಾರು 34 ಕಿಲೋಮೀಟರು 2015ರಿಂದ ನೀರುನಾಯಿಗಳ ಸಂರಕ್ಷಣಾ ಮೀಸಲು. ಎಂಜಿನ್ನಿನ ಸದ್ದು ಅಲ್ಲಿ ಬೇಡ.

2024ರ ಜುಲೈ ಕೊನೆಗೆ ಜಲಾಶಯ ತುಂಬಿತು, ದೋಣಿ ಇಳಿಯಿತು. ಎರಡು ವಾರ ಕಳೆದಿರಲಿಲ್ಲ, ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಭತ್ತದ ಬೆಳೆಯ ಚಿಂತೆಯಲ್ಲಿ ದೋಣಿಯ ಹೆಸರೆತ್ತಲು ನನಗೇ ಮನಸ್ಸಾಗಲಿಲ್ಲ. ನೀರು ದಿನಕ್ಕೆ ಒಂದೂವರೆ, ಎರಡು ಅಡಿ ಇಳಿಯುತ್ತಿತ್ತು. ಮೂರನೇ ದಿನ ಹೋಗಿ ನೋಡಿದಾಗ ದೋಣಿ ಕೆಸರಿನ ಮೇಲೆ ಎರಡು ಪಕ್ಕಪಟ್ಟಿಗಳನ್ನೂ ಊರಿ ನೆಟ್ಟಗೆ ಕುಳಿತಿತ್ತು. ಕ್ಯಾಬಿನ್ನಿನ ಹಲಗೆಯ ಮೇಲಿಟ್ಟಿದ್ದ ಸ್ಟೀಲ್ ಲೋಟ ಬಿದ್ದಿರಲಿಲ್ಲ. ನನ್ನ ದೋಣಿ ಇದ್ದ ಜಾಗ ಇಳಿಜಾರು. ತಲೆಭಾರದ ದೋಣಿಯಾಗಿದ್ದರೆ ಅಲ್ಲಿ ಮಗುಚಿಕೊಳ್ಳುತ್ತಿತ್ತು ಎಂದು ನಾನು ಇಂದಿಗೂ ನಂಬಿದ್ದೇನೆ. ಹೆಂಡತಿಯ ತಮ್ಮ ಲೋಟ ಎತ್ತಿ ಹಿಡಿದು ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ.

ತಾತ್ಕಾಲಿಕ ಗೇಟು ಕೂಡಿಸಿದ ಮೇಲೆ ಮಳೆ ಮತ್ತೆ ಬಂತು, ದೋಣಿ ತಾನಾಗಿಯೇ ತೇಲಿತು. ಆ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿನ್ನೀರಿಗೆ ಬಂದಾಗ ಮೂರು ರಾತ್ರಿ ದೋಣಿಯಲ್ಲಿಯೇ ಮಲಗಿದೆವು. ಗಂಟೆಗೆ ಒಂಬತ್ತು, ಹತ್ತು ಕಿಲೋಮೀಟರಿನ ವೇಗದಲ್ಲಿ ತಾಸಿಗೆ ಮೂರೂವರೆ ಲೀಟರ್ ಪೆಟ್ರೋಲು ಸಾಕು. ಅದನ್ನು ದಾಟಿಸಲು ಹೋದರೆ ಎರಡು ಪಟ್ಟು ಕುಡಿಯುತ್ತದೆ, ವೇಗ ಮಾತ್ರ ಹೆಸರಿಗೆ ಏರುತ್ತದೆ. ದಂಡೆಗೆ ಹೋಗಿಬರಲು ಆನೆಗೊಂದಿ ಕಡೆಯಿಂದ ಒಂದು ಹರಿಗೋಲು ತಂದು ಹಿಂದೆ ಕಟ್ಟಿದ್ದೆ. ದುಂಡಗಿನದಕ್ಕೆ ಹಿಂದುಮುಂದು ಇಲ್ಲ, ಬುಗುರಿಯಂತೆ ಸುತ್ತಿ ಹಗ್ಗ ಹುರಿಗೊಂಡಿತು. ಎರಡು ಕಡೆ ಹಗ್ಗ ಬಿಗಿದು, ತಳಕ್ಕೆ ಒಂದು ಅಡಿಯ ಹಲಗೆ ನಿಲ್ಲಿಸಿದ ಮೇಲೆ ಹೇಳಿದಂತೆ ಹಿಂಬಾಲಿಸುತ್ತದೆ.

ನೀಲಿ ದೋಣಿಯನ್ನು ಬೇರೊಬ್ಬರು ಕೊಂಡರು. ಐದಾರು ತಿಂಗಳಿಗೆ ಕರಾವಳಿಯ ಆ ಹಿರಿಯ ಸ್ನೇಹಿತರೇ ಫೋನ್ ಮಾಡಿದರು. ಸೂರಿನಲ್ಲಿ ನೀರು ತೊಟ್ಟಿಕ್ಕುತ್ತಿದೆ ಎಂದು ಕೊಯ್ದು ನೋಡಿದರಂತೆ, ಎರಡು ಪ್ಲೈವುಡ್ ಒಂದರ ಮೇಲೊಂದು, ಕೆಳಗಿನದು ಕಪ್ಪು ರಾಡಿ. "ನಿಮ್ಮ ಅಕ್ಕಿ ಚೀಲದ ಲೆಕ್ಕವನ್ನು ನನಗೆ ಇನ್ನೊಮ್ಮೆ ಹೇಳಿ" ಎಂದರು. ಅರ್ಧ ಗಂಟೆ ಹೇಳಿದೆ.

ಈ ಬೇಸಿಗೆ ದೋಣಿಯನ್ನು ದಂಡೆಗೆ ಎಳೆದಾಗ ನಮ್ಮ ಗಿರಣಿಯ ಕಾಟಾದ ಮೇಲೆಯೇ ಮತ್ತೆ ತೂಗಿದೆ. ಕಾರವಾರದಿಂದ ತಂದು ರಿಪೇರಿ ಮುಗಿಸಿದಾಗ ಅದೇ ಕಾಟಾದಲ್ಲಿ ತೂಗಿ ಬರೆದಿಟ್ಟಿದ್ದಕ್ಕಿಂತ 20 ಕಿಲೋ ಹೆಚ್ಚು ಬಂತು. ನಾಣ್ಯ ಹಿಡಿದು ಒಂದು ಇಡೀ ಭಾನುವಾರ ಹುಡುಕಿದೆ. ಮುಂಬದಿಯ ಕಿಟಕಿಯ ಕೆಳಗೆ ಅಂಗೈಯಗಲ ಮಂಕು ಸದ್ದು ಸಿಕ್ಕಿತು. ಕಿಟಕಿ ಬಿಚ್ಚಿದರೆ ನೆನೆದ ಹಲಗೆ ಮೊಣಕೈಯುದ್ದ ಹರಡಿತ್ತು. ಅದನ್ನು ಕೊಯ್ದು ತೆಗೆದು, ಹತ್ತು ದಿನ ಬಿಸಿಲಿಗೆ ಬಿಟ್ಟು, ಹೊಸ ಹಲಗೆ ಕೂಡಿಸಿ, ಬೂದಿ ಬೆರೆಸಿದ ರೆಸಿನ್ನಿನಿಂದ ಮುಚ್ಚಿದ್ದೇನೆ.